ಕಡೆಗೋಲಿನ ಮೊಮ್ಮಗ

ನಮ್ಮ ಕಡೆ ಆರಿದ ಚಹಾಕ್ಕೆ ಕ್ಷಮೆಯಿಲ್ಲ. ಉಪ್ಪು ಹೆಚ್ಚಾದ ಸಾರನ್ನು ಇನ್ನೊಂದಿಷ್ಟು ಅನ್ನ ಕಲಸಿಕೊಂಡು ಉಂಡವರಿದ್ದಾರೆ, ಸೀದ ಪಲ್ಯವನ್ನು ಕೇಳಿ ಬಡಿಸಿಕೊಂಡು ಹೊಗಳಿದ ಹೊಸ ಅಳಿಯಂದಿರಿದ್ದಾರೆ. ಆದರೆ ಆರಿದ ಚಹಾ ಮುಂದಿಟ್ಟರೆ ಯಾವ ನೆಂಟನೂ ಸುಮ್ಮನಿರುವುದಿಲ್ಲ. ಎದುರಿಗೆ ಹೇಳದಿದ್ದರೆ ಊರಿಗೆ ಹೋಗಿ ಹೇಳುತ್ತಾನೆ. ಹೆಣ್ಣು ನೋಡಲು ಬಂದವರ ಮುಂದೆ ಉಗುರು ಬೆಚ್ಚಗಿನ ಚಹಾ ಬಂದರೆ, ಅಡುಗೆಮನೆಯಲ್ಲಿ ಏನೋ ರಂಪ ನಡೆದಿದೆ ಎಂದು ಜಗಲಿಯಲ್ಲಿದ್ದವರು ಲೆಕ್ಕ ಹಾಕುತ್ತಿದ್ದರು. ‘ಚಹಾ ಆರ್ತಿದೆ’ ಎಂದರೆ ಮನೆಯಲ್ಲಿ ಕೊನೆಯ ಎಚ್ಚರಿಕೆ. ಪೇಪರಿನಿಂದ ತಲೆಯೆತ್ತದ ಗಂಡಂದಿರಿಗೂ ಬಚ್ಚಲಿನಿಂದ ಹೊರಬಾರದ ಮಕ್ಕಳಿಗೂ ಅದನ್ನು ತಲೆಮಾರುಗಳಿಂದ ಕೊಡುತ್ತಾ ಬಂದಿದ್ದೇವೆ.

ಇಂಥ ವಂಶದಲ್ಲಿ ಹುಟ್ಟಿದ ನನ್ನ ಮಗಳಿಗೆ ಈಗ ಬೇಕಾಗಿರುವುದು ಬೇಕೆಂದೇ ಆರಿಸಿದ ಚಹಾ. ಆರಿಸಿ, ಫ್ರಿಜ್ಜಿನಲ್ಲಿಟ್ಟು ಕೊರೆಯುವಂತೆ ಮಾಡಿ, ಐಸ್ ಹಾಕಿ, ಮೇಲೆ ಎರಡು ಬೆರಳು ದಪ್ಪ ಕೆನೆಯ ನೊರೆ ಕೂರಿಸಿದ ಮಸಾಲೆ ಚಹಾ. ಕಾಲೇಜಿನ ಹತ್ತಿರದ ಕೆಫೆಯಲ್ಲಿ ಒಂದು ಲೋಟಕ್ಕೆ ಮುನ್ನೂರರ ಆಸುಪಾಸು. “ಮನೇಲೇ ಮಾಡಿದ್ರೆ ಮೂವತ್ತೂ ಆಗಲ್ಲ ಅಮ್ಮ” ಎಂದಳು. ಉಳಿತಾಯದ ಮಾತು ಕಿವಿಗೆ ಬಿದ್ದರೆ ಮಾತ್ರ ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತುತ್ತಾರೆ. ಎತ್ತಿದರು, ಒಪ್ಪಿದರು. ಹೀಗೆ ಮುನ್ನೂರು ಉಳಿಸುವುದಕ್ಕೆಂದು ಆ ವಾರ ಮನೆಗೆ ಬಂದವು: ನೊರೆ ಎಬ್ಬಿಸುವ ಬ್ಯಾಟರಿ ಕಡ್ಡಿ, ಒಂದು ಲೀಟರಿನ ಕ್ರೀಮ್ ಪೆಟ್ಟಿಗೆ (ಚಿಕ್ಕದು ಸಿಗಲಿಲ್ಲ), ಉದ್ದನೆಯ ಗಾಜಿನ ಲೋಟಗಳು, ಅವಕ್ಕೊಪ್ಪುವ ಸ್ಟೀಲಿನ ಸ್ಟ್ರಾಗಳು, ಆ ಸ್ಟ್ರಾ ತೊಳೆಯಲೊಂದು ಪುಟಾಣಿ ಬ್ರಷ್ಷು. ಬಿಲ್ಲು ನನ್ನ ಬೀರುವಿನ ಸೀರೆಗಳ ನಡುವೆ ಕ್ಷೇಮವಾಗಿದೆ.

ಅತ್ತೆ ಸಾಗರದ ಕಡೆಯವರು. ಸಾಮಾನುಗಳನ್ನು ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟರು. “ಎಂತಕ್ಕೆ ಮಾರಾಯ್ತಿ ಇಷ್ಟೆಲ್ಲ? ಚಾ ಮಾಡಿ ಸುಮ್ನೆ ಇಟ್ರೆ ತನ್ನಷ್ಟಕ್ಕೆ ಆರ್ತದಲ್ಲ!”

ಚಹಾಕ್ಕೆ ಐಸ್ ಬಿದ್ದ ಕತೆಯಲ್ಲಿ ನಮ್ಮ ದೇಶದ ಪಾಲೂ ಇದೆ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ದೊಡ್ಡ ಜಾಗತಿಕ ಮೇಳ ನಡೆಯಿತು. ಭಾರತದ ಚಹಾದ ರುಚಿಯನ್ನು ಅಮೆರಿಕನ್ನರಿಗೆ ಹತ್ತಿಸಲೆಂದು ರಿಚರ್ಡ್ ಬ್ಲೆಚಿಂಡನ್ ಎಂಬ ಇಂಗ್ಲಿಷಿನವನು ಅಲ್ಲಿ ಮಳಿಗೆ ಹಾಕಿದ್ದ. ಸುಡುಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಜನ ಅವನ ಬಿಸಿ ಚಹಾದ ಕಡೆ ತಿರುಗಿಯೂ ನೋಡಲಿಲ್ಲವಂತೆ. ಅದೇ ಚಹಾವನ್ನು ಐಸಿನಲ್ಲಿ ತಣಿಸಿ ಕೊಟ್ಟದ್ದೇ ತಡ, ಮುಗಿಬಿದ್ದರಂತೆ. ಐಸ್ ಟೀ ಹುಟ್ಟಿದ್ದೇ ಹೀಗೆ ಎಂದು ಬಹಳ ಜನ ನಂಬಿದ್ದಾರೆ. ಆದರೆ ಮರಿಯನ್ ಕ್ಯಾಬೆಲ್ ಟೈರಿ ಎಂಬಾಕೆ ಹೊರತಂದ ‘ಹೌಸ್‌ಕೀಪಿಂಗ್ ಇನ್ ಓಲ್ಡ್ ವರ್ಜೀನಿಯಾ’ ಎಂಬ ಅಡುಗೆ ಪುಸ್ತಕದ 1879ರ ಮುದ್ರಣದಲ್ಲಿ ಐಸ್ ಹಾಕಿದ ಚಹಾದ ವಿಧಾನ ಆಗಲೇ ಇತ್ತು. ಹೆಂಗಸರು ಅಡುಗೆಮನೆಯಲ್ಲಿ ಮಾಡುತ್ತಿದ್ದುದು ಕಾಲು ಶತಮಾನ ಯಾರ ಕಣ್ಣಿಗೂ ಬೀಳದೆ, ಗಂಡಸೊಬ್ಬ ಮಳಿಗೆ ಹಾಕಿ ಹಂಚಿದ ದಿನ ಆವಿಷ್ಕಾರವಾಯಿತು. ಇದನ್ನು ಓದಿ ನನಗೇನೂ ಆಶ್ಚರ್ಯವಾಗಲಿಲ್ಲ. ಇನ್ನು ಮೇಲಿನ ತಣ್ಣನೆಯ ನೊರೆ ತೀರಾ ಇತ್ತೀಚಿನದು. ಸ್ಟಾರ್‌ಬಕ್ಸ್ ಅದನ್ನು ಅಮೆರಿಕದ ತನ್ನ ಅಂಗಡಿಗಳಿಗೆಲ್ಲ ಹಬ್ಬಿಸಿದ್ದು 2018ರಲ್ಲಿ.

ಅತ್ತೆಯ ಮುಂದೆ ಈ ಚರಿತ್ರೆಯನ್ನೆಲ್ಲ ಬಿಚ್ಚಿದೆ. ಅವರಿಗೆ ಅವರದೇ ಚರಿತ್ರೆ ಇದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಪುಡಿ ಮಾಡಿ ಕುದಿಸಿದರೆ ಕಷಾಯ. ಅದಕ್ಕೆ ಯಾರೋ ಕೈತಪ್ಪಿ ಚಾಪುಡಿ ಬೀಳಿಸಿದ್ದರಿಂದ ಮಸಾಲೆ ಚಾ ಹುಟ್ಟಿತು. ತಣ್ಣಗೆ ಬೇಕೆಂದರೆ ರಾಮನವಮಿಯ ಪಾನಕ ಇದ್ದೇ ಇದೆ. ಬೆಲ್ಲ, ಶುಂಠಿ, ಮೆಣಸು, ಏಲಕ್ಕಿ ಎಲ್ಲವೂ ಅದರಲ್ಲೇ ಇದೆ. ನೊರೆಯ ವಿಷಯವನ್ನಂತೂ ಕೊಟ್ಟಿಗೆಯಲ್ಲಿ ಚೊಂಬು ಹಿಡಿದು ಬೆಳೆದವರಿಗೆ ಹೇಳಿಕೊಡಬೇಕೆ? ತಂಪು ಗೊತ್ತು, ಮಸಾಲೆ ಗೊತ್ತು, ನೊರೆ ಗೊತ್ತು. ಅವರಿಗೆ ಅರ್ಥವಾಗದೆ ಉಳಿದದ್ದು ಮುನ್ನೂರು ರೂಪಾಯಿ ಮಾತ್ರ.

ಮಾಡುವ ಕ್ರಮದಲ್ಲಿ ಚಹಾದ ಪಾಲು ಸುಲಭ, ಆದರೆ ದಿನದ ಚಹಾದ ಅಳತೆ ಇಲ್ಲಿ ನಡೆಯುವುದಿಲ್ಲ. ಐಸು ಕರಗಿ ನೀರಾಗುತ್ತದೆ. ಅದೂ ಅಲ್ಲದೆ ನಾಲಿಗೆ ತಣ್ಣಗಾದಾಗ ಸಿಹಿ ಮಂಕಾಗುತ್ತದೆ, ಮಸಾಲೆಯ ಘಮವೂ ಮೇಲೇಳುವುದಿಲ್ಲ. ಆದ್ದರಿಂದ ಎಲ್ಲವೂ ದುಪ್ಪಟ್ಟು. ಎರಡು ಲೋಟಕ್ಕೆ ಒಂದೂವರೆ ಲೋಟ ನೀರು, ಒಂದಿಂಚು ಶುಂಠಿ, ನಾಲ್ಕೈದು ಏಲಕ್ಕಿ, ಎರಡು ಲವಂಗ, ಬೆರಳುಗುರಿನಷ್ಟು ಚಕ್ಕೆ, ಐದಾರು ಕಾಳುಮೆಣಸು, ಎಲ್ಲವನ್ನೂ ಕುಟ್ಟಾಣಿಯಲ್ಲಿ ಜಜ್ಜಿ ಹಾಕಿ. ಏಲಕ್ಕಿಯ ವಿಷಯದಲ್ಲಿ ಜಿಪುಣತನ ಬೇಡ. ಹಾವೇರಿಯವರು ಅದನ್ನು ಹಾರ ಮಾಡಿ ಕೊರಳಿಗೇ ಹಾಕುತ್ತಾರೆ, ನಾವು ಪಾತ್ರೆಗೆ ಹಾಕಲು ಹಿಂದೆಮುಂದೆ ನೋಡಬಾರದು. ಶುಂಠಿಯನ್ನು ಮೊದಲು ನೀರಿನಲ್ಲೇ ಚೆನ್ನಾಗಿ ಕುದಿಸಬೇಕು. ಹಸಿಶುಂಠಿಯಲ್ಲಿ ಹಾಲನ್ನು ಒಡೆಯುವ ಒಂದು ಕಿಣ್ವವಿದೆ, ಕುದಿಸಿದರೆ ಅದರ ಆಟ ನಿಲ್ಲುತ್ತದೆ. ಆಮೇಲೆ ಮೂರು ಚಮಚ ಚಹಾಪುಡಿ. ದುಬಾರಿ ಎಲೆಚಹಾ ಬೇಡವೇ ಬೇಡ, ದಿನವೂ ಬಳಸುವ ಕಾಳುಕಾಳಾದ ಸಿಟಿಸಿ ಪುಡಿಯೇ ಸರಿ. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಕಾಳಾಗಿಸುವ ಆ ಯಂತ್ರ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಬಂತು. ಅದರಿಂದ ಬಂದ ಪುಡಿ ಬೇಗ ಬಣ್ಣ ಬಿಡುತ್ತದೆ, ಹಾಲಿಗೂ ಐಸಿಗೂ ಜಗ್ಗುವುದಿಲ್ಲ. ಕೊನೆಗೆ ಒಂದು ಲೋಟ ಹಾಲು, ಇನ್ನೊಂದು ಕುದಿ. ಸಕ್ಕರೆ ಬಿಸಿಯಿರುವಾಗಲೇ ಬೀಳಲಿ, ತಣ್ಣಗಾದ ಮೇಲೆ ಹಾಕಿದರೆ ತಳದಲ್ಲಿ ಮಲಗುತ್ತದೆ. ಬೆಲ್ಲವಾದರೆ ಒಲೆಯಿಂದಿಳಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿ, ಇಲ್ಲದಿದ್ದರೆ ಹಾಲು ಒಡೆದೀತು.

ಕಷ್ಟ ಶುರುವಾಗುವುದು ಫ್ರಿಜ್ಜಿನ ಬಾಗಿಲು ತೆಗೆದಾಗ. ಬೆಂಗಳೂರಿನ ಸಂಸಾರಸ್ಥರ ಫ್ರಿಜ್ಜಿನಲ್ಲಿ ಹೊಸಬರಿಗೆ ಜಾಗ ಎಲ್ಲಿದೆ? ದೋಸೆಹಿಟ್ಟಿನ ಡಬರಿ, ನಿನ್ನೆಯ ಹುಳಿ, ಬಾಳೆಎಲೆಯಲ್ಲಿ ಸುತ್ತಿಟ್ಟ ಮಲ್ಲಿಗೆ ದಂಡೆ. ಮುಚ್ಚಳವಿಲ್ಲದೆ ಚಹಾ ಇಟ್ಟರೆ ಈ ಮೂವರೂ ಅದರೊಳಗೆ ಇಳಿಯುತ್ತಾರೆ. ಐಸಿನ ಟ್ರೇ ಬೇಕೆಂದರೆ ಫ್ರೀಜರಿನಲ್ಲಿ ತೆಂಗಿನತುರಿಯನ್ನೂ ಚಳಿಗಾಲದಲ್ಲಿ ಸುಲಿದಿಟ್ಟ ಅವರೆಕಾಳನ್ನೂ ಎಬ್ಬಿಸಬೇಕು. ಆ ಟ್ರೇಗೆ ನೀರಿನ ಬದಲು ಚಹಾವನ್ನೇ ಹುಯ್ದು ಗಟ್ಟಿ ಮಾಡಿಟ್ಟರೆ ಲೋಟದ ಚಹಾ ನೀರಾಗುವುದಿಲ್ಲ. ಮಗಳು ಎಲ್ಲಿಂದಲೋ ಕಲಿತುಬಂದ ಈ ಉಪಾಯ ನಿಜಕ್ಕೂ ಒಳ್ಳೆಯದು. ಆದರೆ ಒಂದು ರಾತ್ರಿ ನಮ್ಮವರು ಕರೆಂಟಿಲ್ಲದ ಕತ್ತಲೆಯಲ್ಲಿ ನಿಂಬೆ ಶರಬತ್ತಿಗೆ ಆ ಗಡ್ಡೆಗಳನ್ನು ಹಾಕಿಕೊಂಡು ಕುಡಿದರು. ಏನೆಂದು ಕೇಳಲೂ ಇಲ್ಲ, ಹೇಳಲೂ ಇಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಗಂಡಸರು ಎಷ್ಟನ್ನು ಪ್ರಶ್ನಿಸದೆ ನುಂಗುತ್ತಾರೆ ಎಂಬುದು ಅವತ್ತು ತಿಳಿಯಿತು.

ಈಗ ನೊರೆ. ಇದೇ ನಿಜವಾದ ವಿದ್ಯೆ. ಕೆನೆ ತೆಗೆದ ತೆಳುಹಾಲನ್ನು ತಣ್ಣಗಿರುವಾಗ ಕಡೆದರೂ ನೊರೆ ಬರುತ್ತದೆ. ಹಾಲಿನ ಪ್ರೋಟೀನು ಗಾಳಿಯ ಗುಳ್ಳೆಗಳನ್ನು ಹಿಡಿದುಕೊಳ್ಳುತ್ತದೆ, ಆದರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎರಡು ಬೆರಳು ದಪ್ಪ ಕೂರಬೇಕೆಂದರೆ ಕ್ರೀಮೇ ಬೇಕು. ಅದರಲ್ಲೂ ಕೊಬ್ಬು ಶೇ. 30ಕ್ಕಿಂತ ಹೆಚ್ಚಿರಬೇಕು. ಪಲಾವಿಗೂ ಹಣ್ಣಿನ ಸಾಲಡ್ಡಿಗೂ ಹಾಕುವ ಶೇ. 25ರ ಪೆಟ್ಟಿಗೆ ಕ್ರೀಮನ್ನು ಎಷ್ಟು ಕಡೆದರೂ ಅದು ತನ್ನ ಪಾಡಿಗೆ ಹರಿದಾಡಿಕೊಂಡಿರುತ್ತದೆ. ಮನೆಯಲ್ಲಿ ಕಾಯಿಸಿದ ಹಾಲಿನ ಮೇಲಿನ ಕೆನೆಯೂ ಇದಕ್ಕಾಗದು. ಅದು ಚೂರುಚೂರಾಗಿ ತೇಲುತ್ತದೆ, ನುಣುಪಾಗುವುದಿಲ್ಲ. ಅಲ್ಲದೆ ನಮ್ಮ ಮನೆಯಲ್ಲಿ ಆ ಕೆನೆ ತುಪ್ಪಕ್ಕೆಂದು ಅತ್ತೆಯ ಹೆಸರಿಗೆ ನೋಂದಣಿಯಾಗಿದೆ, ಯಾರೂ ಮುಟ್ಟುವ ಹಾಗಿಲ್ಲ. ಇಷ್ಟಕ್ಕೂ ಚಹಾದ ಮೇಲೆ ಕೆನೆ ಕಟ್ಟಿದರೆ ಮುಖ ಸಿಂಡರಿಸಿ ಬೆರಳಿನಿಂದ ತೆಗೆದು ಲೋಟದ ಅಂಚಿಗೆ ಒರೆಸುತ್ತಿದ್ದವಳು ಇದೇ ಮಗಳು. ಈಗ ಅದೇ ಕೆನೆ ನೊರೆಯ ವೇಷ ಹಾಕಿ ಬಂದರೆ ಫೋಟೋ ತೆಗೆಯುತ್ತಾಳೆ.

ಮೂರು ಚಮಚ ಕ್ರೀಮು, ಎರಡು ಚಮಚ ತಣ್ಣನೆ ಹಾಲು, ಚಿಟಿಕೆ ಏಲಕ್ಕಿ ಪುಡಿ. ಪಾತ್ರೆಯೂ ಫ್ರಿಜ್ಜಿನಿಂದಲೇ ಬಂದಿರಬೇಕು. ಮಗಳು ಕಡ್ಡಿಯನ್ನು ಅದ್ದಿ ಗುಂಡಿ ಒತ್ತಿದಳು. ‘ಜುಂಯ್’ ಎಂದಿತು. ಅತ್ತೆ ನಡುಮನೆಯಲ್ಲಿ ಕೂತು ಹೂ ಕಟ್ಟುತ್ತಿದ್ದರು. “ಎಂತದು ಶಬ್ದ?” ಎಂದು ಎದ್ದು ಬಂದು, ಕಡ್ಡಿಯ ತುದಿಯಲ್ಲಿ ಗಿರಗಿರ ತಿರುಗುತ್ತಿದ್ದ ಸುರುಳಿಯನ್ನು ಬಗ್ಗಿ ನೋಡಿದರು. ಮುಖ ಅರಳಿತು. “ಅಯ್ಯ, ಇದು ನಮ್ಮ ಕಡೆಗೋಲಿನ ಮೊಮ್ಮಗ ಅಲ್ವನೇ!”

ಅಲ್ಲಿಗೆ ಯಜಮಾನಿಕೆ ಅವರ ಕೈಗೆ ಹೋಯಿತು. ಕಂಬಕ್ಕೆ ಹಗ್ಗ ಕಟ್ಟಿ ಬೆಳಗಿನ ಜಾವ ಮೊಸರು ಕಡೆದ ಕೈ ಅದು. ಮಗಳು ಫೋನಿನಲ್ಲಿ ಮೂವತ್ತು ಸೆಕೆಂಡು ಇಟ್ಟುಕೊಂಡಿದ್ದಳು. ಅತ್ತೆ ಪಾತ್ರೆಯ ಕಡೆ ನೋಡಲೇ ಇಲ್ಲ, ಗೋಡೆ ನೋಡುತ್ತಾ ಕಿವಿ ಕೊಟ್ಟು ನಿಂತರು. ಮೊದಲು ತೆಳ್ಳಗೆ ಚಿಲಿಪಿಲಿ, ಆಮೇಲೆ ಸದ್ದು ಮೆತ್ತಗಾಯಿತು, ಕಡ್ಡಿ ಉಸಿರು ಕಟ್ಟಿದಂತೆ ನಿಧಾನವಾಯಿತು.

“ಸಾಕು, ನಿಲ್ಸು.”

“ಇನ್ನೂ ಹನ್ನೆರಡು ಸೆಕೆಂಡಿದೆ ಅಜ್ಜಿ.”

“ನಿಲ್ಸು ಅಂದೆ. ಇನ್ನು ಬೆಣ್ಣೆ ಬರ್ತದೆ.”

ಫೋನು ಗೆದ್ದಿತು. ಹನ್ನೆರಡು ಸೆಕೆಂಡು ಮುಗಿಯುವಷ್ಟರಲ್ಲಿ ನುಣುಪು ಹೋಗಿ ತರಿತರಿಯಾಯಿತು, ಅಂಚಿನಲ್ಲಿ ನೀರು ಬಿಟ್ಟಿತು, ಕಡ್ಡಿಯ ಸುರುಳಿಗೆ ಹಳದಿ ಉಂಡೆಯೊಂದು ಅಂಟಿಕೊಂಡಿತು. ಶಾಸ್ತ್ರ ಇಷ್ಟೇ: ಕಡೆದಾಗ ಕೆನೆಯೊಳಗಿನ ಜಿಡ್ಡಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಾಳಿಯ ಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತವೆ, ಅದು ನೊರೆ. ನಿಲ್ಲಿಸದೆ ಕಡೆದರೆ ಗೋಡೆ ಕುಸಿದು ಜಿಡ್ಡೆಲ್ಲ ಒಂದೇ ಕಡೆ ಸೇರುತ್ತದೆ, ಅದು ಬೆಣ್ಣೆ. ಕೆಫೆಯವರು ಮಾರುತ್ತಿರುವುದು ಬೆಣ್ಣೆಯಾಗಲು ಹೊರಟು ಅರ್ಧದಾರಿಯಲ್ಲಿ ತಡೆದು ನಿಲ್ಲಿಸಿದ ಕೆನೆಯನ್ನು. ನಮ್ಮ ಅಜ್ಜಿಯರು ನಿಲ್ಲಿಸುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅತ್ತೆ ಆ ಉಂಡೆಯನ್ನು ಜಯಭೇರಿ ಹೊಡೆದವರಂತೆ ತಣ್ಣೀರಿನಲ್ಲಿ ತೊಳೆದು ಬಟ್ಟಲಿಗೆ ಹಾಕಿಕೊಂಡರು. ಎರಡನೆಯ ಸಲ ಫೋನನ್ನು ಬದಿಗಿಟ್ಟು ಅಜ್ಜಿಯ ಕಿವಿಯನ್ನೇ ನೆಚ್ಚಿದಾಗ, ಚಮಚದಿಂದ ಜಾರುವ, ಆದರೆ ಅವಸರವಿಲ್ಲದೆ ಜಾರುವ ಹದಕ್ಕೆ ನೊರೆ ಬಂತು. ಮುಕ್ಕಾಲು ಲೋಟ ಚಹಾ, ನಾಲ್ಕು ಗಡ್ಡೆ, ಮೇಲೆ ನೊರೆ, ಅದರ ಮೇಲೆ ಚಕ್ಕೆಪುಡಿ. ನೋಡಲು ಚೆಂದವಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಕುಡಿಯುವುದು ಬೇರೆಯೇ ಸಮಸ್ಯೆ. ಸ್ಟ್ರಾ ಹಾಕಿದರೆ ತಳದ ಚಹಾವಷ್ಟೇ ಮೇಲೆ ಬರುತ್ತದೆ, ನೊರೆ ಅಲ್ಲೇ ಕೂತು ನೋಡುತ್ತಿರುತ್ತದೆ. ಬ್ರಷ್ಷಿನ ಸಮೇತ ಸ್ಟ್ರಾಗಳನ್ನೆಲ್ಲ ಮೇಲಿನ ಅಟ್ಟಕ್ಕೆ ಕಳಿಸಿದ್ದಾಯಿತು. ತುಟಿಯಿಟ್ಟು ಹೀರಿದರೆ ತಣ್ಣನೆಯ ಕೆನೆಯ ಹಿಂದೆಯೇ ಶುಂಠಿಯ ಖಾರ ಬರುತ್ತದೆ, ಅದೇ ಇದರ ಸುಖ. ಮೀಸೆಯಿಲ್ಲದವರಿಗೂ ಮೀಸೆ ಬರುವುದನ್ನು ಸಹಿಸಿಕೊಳ್ಳಬೇಕು. ಆದರೆ ನಮ್ಮತ್ತೆ ಇವತ್ತಿಗೂ ಏನನ್ನೇ ಆಗಲಿ ಎಂಜಲಾಗದಂತೆ ಲೋಟ ಎತ್ತಿ ಬಾಯಿಗೆ ಹುಯ್ದುಕೊಳ್ಳುವವರು. ಲೋಟವನ್ನು ಎತ್ತಿದರು, ಬಾಗಿಸಿದರು. ಏನೂ ಬೀಳಲಿಲ್ಲ. ಇನ್ನಷ್ಟು ಬಾಗಿಸಿದರು. ನೊರೆ ಯೋಚನೆ ಮಾಡಿತು. ಮತ್ತಷ್ಟು ಬಾಗಿಸಿದಾಗ ನೊರೆ, ಚಹಾ, ನಾಲ್ಕು ಗಡ್ಡೆ ಎಲ್ಲವೂ ಒಮ್ಮತದಿಂದ ಹೊರಟವು. ಮೂಗು, ಕನ್ನಡಕ, ಸೆರಗು ಯಾವುದಕ್ಕೂ ಅನ್ಯಾಯವಾಗಲಿಲ್ಲ. ಯಾರೂ ನಗಬಾರದು ಎಂದು ನಾನು ಕಣ್ಣಲ್ಲೇ ಹೇಳುವಷ್ಟರಲ್ಲಿ ಅತ್ತೆಯೇ ನಕ್ಕುಬಿಟ್ಟರು. ಆವತ್ತಿನಿಂದ ಅವರದೊಂದು ಪದ್ಧತಿಯಾಗಿದೆ. ಮೊದಲು ಚಮಚದಲ್ಲಿ ನೊರೆಯನ್ನಷ್ಟೇ ಪಾಯಸದಂತೆ ತಿನ್ನುವುದು, ಆಮೇಲೆ ಉಳಿದದ್ದನ್ನು ಎತ್ತಿ ಕುಡಿಯುವುದು, ಐಸನ್ನು ತುಳಸಿ ಗಿಡಕ್ಕೆ ಹಾಕುವುದು.

ನಮ್ಮವರು ಲೋಟ ಖಾಲಿ ಮಾಡಿ, “ಚೆನ್ನಾಗಿದೆ. ಇನ್ನು ಚಹಾ ಕೊಡ್ತೀಯಾ?” ಎಂದು ಕೇಳಿದರು. ಕೊಟ್ಟೆ. ಬೆಳಗಿನ ಮತ್ತು ಸಂಜೆಯ ಚಹಾ ಬಿಸಿಯಾಗಿಯೇ ಇರಬೇಕು, ಅದರಲ್ಲಿ ನನ್ನ ಮತ ಬದಲಾಗಿಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಫ್ಯಾನು ಬಿಸಿಗಾಳಿ ಬೀಸುತ್ತಿರುವಾಗ ಈ ತಣ್ಣನೆಯ ಚಹಾಕ್ಕೆ ಸಮನಾದದ್ದು ಪಾನಕ ಒಂದೇ. ಒಂದು ಲೀಟರ್ ಕ್ರೀಮಿನಲ್ಲಿ ಉಳಿದದ್ದು ಆ ವಾರದ ಪಲ್ಯ, ಸಾಗು, ಖೀರು ಎಲ್ಲದರಲ್ಲೂ ಕಾಣಿಸಿಕೊಂಡಿತು. ತಿಳಿಸಾರಿನ ಹತ್ತಿರ ಬಂದಾಗ ಮಾತ್ರ ಮನೆಯವರೆಲ್ಲ ಒಟ್ಟಾಗಿ ತಡೆದರು.

ಮನೆಯಲ್ಲಿ ಮಾಡಿ ನೋಡುವವರಿಗೆ ಎರಡು ಮಾತು. ಬ್ಯಾಟರಿ ಕಡ್ಡಿಗೆ ದುಡ್ಡು ಹಾಕಬೇಡಿ. ಬಿಗಿ ಮುಚ್ಚಳದ ಬಾಟಲಿಯಲ್ಲಿ ತಣ್ಣನೆಯ ಕ್ರೀಮು, ಹಾಲು ಹಾಕಿ ಜೋರಾಗಿ ಕುಲುಕಿದರೂ ಆಗುತ್ತದೆ, ಅಡುಗೆಮನೆಯ ಮೂಲೆಯಲ್ಲಿ ಚಿಕ್ಕ ಕಡೆಗೋಲು ಇದ್ದರೆ ಇನ್ನೂ ಒಳ್ಳೆಯದು. ನೊರೆಗೆ ಸಕ್ಕರೆಯನ್ನು ಮಾತ್ರ ಹದ ಬಂದ ಮೇಲೆ, ಕೊನೆಯಲ್ಲಿ ಹಾಕಿ. ಕೈ ಮೀರಿ ಬೆಣ್ಣೆಯಾದರೂ ದೋಸೆಗೆ ಆಗುತ್ತದೆ.