ಸೋರುವುದು ಎಲ್ಲೋ, ತೊಟ್ಟಿಕ್ಕುವುದು ಎಲ್ಲೋ

ಮನೆಯ ನಲ್ಲಿ ತೊಟ್ಟಿಕ್ಕಿದರೆ ಅದು ಮನೆಯವರ ವಿಷಯ. ಕಾರು ತೊಟ್ಟಿಕ್ಕಿದರೆ ಇಡೀ ಅಪಾರ್ಟ್‌ಮೆಂಟಿನ ವಿಷಯ. ನಮ್ಮ ಹಳೆಯ ಕಾರಿನ ಕೆಳಗೆ ಅಂಗೈಯಗಲ ಹಸಿರು ನೀರು ನಿಂತಿದೆ ಎಂಬ ಸುದ್ದಿ ಎರಡನೆಯ ಮಹಡಿಯ ರಾಯರಿಂದ ಇಸ್ತ್ರಿಯವನಿಗೆ, ಇಸ್ತ್ರಿಯವನಿಂದ ಹಾಲಿನವನಿಗೆ ಮುಟ್ಟಿ, ಹಾಲಿನವನು ನಮ್ಮ ಬಾಗಿಲಲ್ಲಿ ನಿಂತು 'ಕಾರು ಮಾರ್ತೀರಂತೆ ಸಾರ್?' ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು.

ಇಸ್ತ್ರಿಯವನದು ಸರಳ ತೀರ್ಮಾನ: 'ಎಸಿ ನೀರು ಸಾರ್, ಬಿಡಿ.' ಬೇಸಿಗೆಯಲ್ಲಿ ಎಸಿ ಹಾಕಿಕೊಂಡು ಬಂದ ಕಾರು ನಿಂತಲ್ಲಿ ಒಂದಿಷ್ಟು ನೀರು ಬಿಡುವುದು ಸಹಜವೇ. ಆದರೆ ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ಹಸಿರಾಗಿತ್ತು, ಬೆರಳಲ್ಲಿ ಉಜ್ಜಿದರೆ ಜಾರುತ್ತಿತ್ತು, ಮೂಗಿನ ಹತ್ತಿರ ತಂದರೆ ಮಂದವಾದ ಸಿಹಿ ವಾಸನೆ. ಎಂಜಿನ್ ಆಯಿಲ್ ಆಗಿದ್ದರೆ ಕಂದೋ ಕಪ್ಪೋ ಇರಬೇಕಿತ್ತು. ಕೂಲೆಂಟ್ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಎಲ್ಲಿಂದ ಸೋರುತ್ತಿದೆ ಎನ್ನುವುದರಲ್ಲಿ ಮಾತ್ರ ಮನೆಗೊಂದು ಅಭಿಪ್ರಾಯವಿತ್ತು.

ರಾಯರು ನಿವೃತ್ತ ಎಂಜಿನಿಯರು. ಕಟ್ಟಿದ್ದು ಸೇತುವೆಗಳನ್ನು, ಆದರೆ ಅವರ ಸಲಹೆಗೆ ಇಲಾಖೆಯ ಗಡಿಯೆಂಬುದಿಲ್ಲ. ಬಾನೆಟ್ಟನ್ನು ತೆಗೆಸದೆಯೇ 'ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು' ಎಂದರು. ಹೆಡ್ ಗ್ಯಾಸ್ಕೆಟ್ ಹೋದರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದೆ ಬರುತ್ತದೆ, ಕೂಲೆಂಟ್ ಬಾಟಲಿಯಲ್ಲಿ ಗುಳ್ಳೆ ಏಳುತ್ತದೆ, ಆಯಿಲ್ ಮುಚ್ಚಳದ ಒಳಮೈಗೆ ಹಾಲು ಹಾಕಿದ ಕಾಫಿಯ ಬಣ್ಣದ ನೊರೆ ಅಂಟಿರುತ್ತದೆ. ನಾನು ಮುಚ್ಚಳ ತೆಗೆದು ತೋರಿಸಿದೆ. ನೊರೆ ಇರಲಿಲ್ಲ. ರಾಯರು ಕನ್ನಡಕ ಸರಿಮಾಡಿಕೊಂಡು ನೋಡಿ, 'ಇನ್ನೂ ಬಂದಿಲ್ಲ. ಬರುತ್ತೆ' ಎಂದರು.

ಎದುರು ಮನೆಯ ಸಾಫ್ಟ್‌ವೇರ್ ಹುಡುಗನ ಪ್ರಕಾರ ಅದು ಹೀಟರ್ ಕೋರ್. ಡ್ಯಾಶ್‌ಬೋರ್ಡಿನ ಹಿಂದೆ ಕೂತ ಪುಟ್ಟ ರೇಡಿಯೇಟರ್ ಅದು. ಬೆಂಗಳೂರಿನವರು ಹೀಟರ್ ಹಾಕಲಿ ಬಿಡಲಿ, ಬಿಸಿ ಕೂಲೆಂಟ್ ಅಲ್ಲಿಗೂ ಒಂದು ಸುತ್ತು ಹೋಗಿಬರುವುದುಂಟು. ಅದು ಸೋರಿದರೆ ಮುಂದಿನ ಗಾಜು ಒಳಗಿನಿಂದ ಮಸುಕಾಗುತ್ತದೆ, ಕಾಲಡಿಯ ಕಾರ್ಪೆಟ್ ಒದ್ದೆಯಾಗುತ್ತದೆ. 'ಕಾರ್ಪೆಟ್ ಒದ್ದೆ ಇದೆಯಾ ಅಂಕಲ್?' ಎಂದ. ಇತ್ತು. ಹುಡುಗನ ಮುಖ ಅರಳಿತು. ಹಿಂದಿನ ದಿನ ಮಳೆಯಲ್ಲಿ ನೆನೆದ ಕೊಡೆಯನ್ನು ಅಲ್ಲಿಯೇ ಇಟ್ಟಿದ್ದೆನೆಂದು ಹೇಳಿ ಅದನ್ನು ಬಾಡಿಸಬೇಕಾಯಿತು.

ಇಷ್ಟರಲ್ಲಿ ತೀರ್ಥಹಳ್ಳಿಯ ನನ್ನ ಭಾವಮೈದುನನ ಫೋನು. 'ಭಾವ, ಒಂದು ಮುಷ್ಟಿ ಅರಿಶಿನ ಪುಡಿ ರೇಡಿಯೇಟರಿಗೆ ಹಾಕಿ. ಸೋರೋದು ಗಪ್ಪನೆ ನಿಲ್ಲುತ್ತೆ.' ನಗಬೇಡಿ, ಇದು ಲಾರಿ ಡ್ರೈವರುಗಳ ಹಳೆಯ ವಿದ್ಯೆ. ನೀರಿನೊಡನೆ ಸುತ್ತುವ ಪುಡಿ ಸಣ್ಣ ತೂತಿನ ಬಾಯಲ್ಲಿ ಹೋಗಿ ಕೂರುತ್ತದೆ, ಸೋರಿಕೆ ನಿಲ್ಲುತ್ತದೆ. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು ಹತ್ತುವಾಗ ನಟ್ಟನಡುವೆ ರೇಡಿಯೇಟರ್ ಕೈಕೊಟ್ಟರೆ ಅದಕ್ಕಿಂತ ಒಳ್ಳೆಯ ಉಪಾಯ ನನಗೂ ತೋಚಲಾರದು. ತೊಂದರೆಯೆಂದರೆ ಅರಿಶಿನಕ್ಕೆ ಬೇಕಾದ ತೂತು ಯಾವುದು, ಬೇಡದ ತೂತು ಯಾವುದು ಎಂದು ತಿಳಿಯುವುದಿಲ್ಲ. ಈಗಿನ ಅಲ್ಯುಮಿನಿಯಂ ರೇಡಿಯೇಟರಿನ ಸಪೂರ ನಾಳಗಳನ್ನೂ ಅದು ಅಷ್ಟೇ ಶ್ರದ್ಧೆಯಿಂದ ಮುಚ್ಚುತ್ತದೆ. ನನ್ನ ಹೆಂಡತಿಯ ಆಕ್ಷೇಪಣೆಯೇ ಬೇರೆ: 'ನಾಲ್ಕು ಬಿಸಿಲು ಒಣಗಿಸಿ ಕುಟ್ಟಿಸಿದ ಅರಿಶಿನ. ಕಾರಿಗೆ ಬೇಕಾದರೆ ಪ್ಯಾಕೆಟ್ಟಿನದು ತಂದು ಹಾಕಿ.'

ಆಮೇಲೆ ವಿಚಾರಿಸಿದಾಗ ಒಂದು ಸಂಗತಿ ಬೆಳಕಿಗೆ ಬಂತು. ರಾಯರ ಹಿಂದಿನ ಕಾರಿಗೆ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಹುಡುಗ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿಗೆ ಹೀಟರ್ ಕೋರ್. ಭಾವಮೈದುನನ ಜೀಪು ಅರಿಶಿನದಲ್ಲೇ ಬದುಕಿದೆ. ಇಸ್ತ್ರಿಯವನ ಹತ್ತಿರ ಕಾರಿಲ್ಲ, ಆದ್ದರಿಂದ ಅವನೊಬ್ಬನೇ ನನಗೆ ಖರ್ಚಿಲ್ಲದ ಕಾಯಿಲೆ ಹೇಳಿದ್ದು. ಯಾರೂ ನನ್ನ ಕಾರನ್ನು ನೋಡಿರಲಿಲ್ಲ. ಎಲ್ಲರೂ ತಾವು ಹಿಂದೆ ಕಟ್ಟಿದ ಬಿಲ್ಲನ್ನು ನೆನೆಸಿಕೊಂಡಿದ್ದರು.

ಕಾರಿಗೇ ಕೇಳೋಣವೆಂದು ರಾತ್ರಿ ಕೆಳಗೆ ಬಿಳಿ ಹಾಳೆ ಹಾಸುವ ಯೋಚನೆ ಮಾಡಿದೆ. ತಿಂಗಳಿಗೊಬ್ಬ ದೇವರಿರುವ ಕ್ಯಾಲೆಂಡರಿಗೆ ಕೈ ಹಾಕಿದಾಗ ಹೆಂಡತಿ ತಡೆದಳು. ಟೈಲ್ಸ್ ಅಂಗಡಿಯವರು ಕೊಟ್ಟ ಕ್ಯಾಲೆಂಡರಿಗೆ ಆ ಯೋಗ ಒದಗಿತು. ಬೆಳಿಗ್ಗೆ ನೋಡಿದರೆ ಎಡಗಡೆಯ ಮುಂಚಕ್ರದ ಬಳಿ ಹಸಿರು ಕಲೆ. ಅದರ ನೇರಕ್ಕೆ ಮೇಲೆ ರೇಡಿಯೇಟರಿನ ಕೆಳಗಿನ ಹೋಸ್ ಪೈಪು. ಪಾರ್ಕಿಂಗಿನ ಸಭೆ ಮೊದಲ ಬಾರಿಗೆ ಒಮ್ಮತಕ್ಕೆ ಬಂತು: ಹೋಸ್ ಪೈಪೇ ಸೈ.

ಎಂಜಿನ್ ಪೂರ್ತಿ ತಣ್ಣಗಿದ್ದಾಗ ಟಾರ್ಚ್ ಹಿಡಿದು ನೋಡಿದೆ. ಪೈಪು ಒಣಗಿತ್ತು. ಹಿಚುಕಿದರೆ ಬಿರುಕಿಲ್ಲ, ಕ್ಲಿಪ್ಪು ಬಿಗಿಯಾಗಿದೆ. ತಣ್ಣಗಿದ್ದಾಗ ಎನ್ನುವ ಮಾತನ್ನು ಒತ್ತಿ ಹೇಳುತ್ತೇನೆ. ಕೂಲೆಂಟ್ ಸುತ್ತುವ ವ್ಯವಸ್ಥೆ ಕುಕ್ಕರಿನಂತೆ ಒತ್ತಡದಲ್ಲಿರುತ್ತದೆ. ಹೊರಗಿನ ಗಾಳಿಗಿಂತ ಒಂದು ಬಾರ್ ಒತ್ತಡ ಹೆಚ್ಚಿಸಿದರೆ ಬರಿಯ ನೀರೇ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಮುಚ್ಚಳ ತಿರುಗಿಸಿದರೆ ಒಳಗಿದ್ದದ್ದೆಲ್ಲ ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕುಕ್ಕರಿನ ವೆಯ್ಟ್ ಕೂರುವವರೆಗೂ ಕಾಯುವ ಜನ ರಸ್ತೆಬದಿಯಲ್ಲಿ ಹೊಗೆಯಾಡುವ ಬಾನೆಟ್ ಎತ್ತಿದೊಡನೆ ಮುಚ್ಚಳಕ್ಕೇ ಕೈ ಹಾಕುತ್ತಾರೆ. ಯಾಕೋ ನನಗೆ ಅರ್ಥವಾಗಿಲ್ಲ.

ಗ್ಯಾರೇಜಿನ ಭಾಯ್ ಸಭೆಯ ನಡಾವಳಿಯನ್ನೆಲ್ಲ ಕೇಳಿಸಿಕೊಂಡು ಟೀ ಕುಡಿದು ಮುಗಿಸಿದರು. ರೇಡಿಯೇಟರ್ ಮುಚ್ಚಳ ತೆಗೆದು ಅದರ ರಬ್ಬರನ್ನೂ ಸ್ಪ್ರಿಂಗನ್ನೂ ಪರೀಕ್ಷಿಸಿದರು. ಆಮೇಲೆ ಮುಚ್ಚಳದ ಜಾಗಕ್ಕೆ ಮೀಟರ್ ಇರುವ ಕೈಪಂಪೊಂದನ್ನು ಕೂರಿಸಿ 15 ಪಿಎಸ್‌ಐವರೆಗೆ ಗಾಳಿ ತುಂಬಿ ಸುಮ್ಮನೆ ನಿಂತರು. ಮುಳ್ಳು ಮೆಲ್ಲಗೆ ಇಳಿಯಿತು. 'ಎಲ್ಲಿ ಭಾಯ್?' ಎಂದೆ. 'ಮಾತಾಡಬೇಡಿ ಸಾರ್, ಮೇಲಿಂದ ನೋಡ್ಕೊಂಡು ಬರಬೇಕು. ನೀವು ಕೆಳಗಿಂದ ನೋಡಿದ್ದೀರ' ಎಂದರು. ಬೆಲ್ಟಿನ ಹಿಂದೆ ಕನ್ನಡಿಯ ಚೂರೊಂದನ್ನು ಹಿಡಿದರು. ವಾಟರ್ ಪಂಪಿನ ಹೊಟ್ಟೆಯಡಿ ಬಿಳಿಯ ಉಪ್ಪಿನಂಥ ಒಣ ಗೆರೆ, ಅದರ ತುದಿಯಲ್ಲಿ ಹೊಸದಾಗಿ ಊರುತ್ತಿದ್ದ ಹಸಿರು ಹನಿ. ಆ ಹನಿ ಎಂಜಿನ್ನಿನ ಮೈಗುಂಟ ಇಳಿದು, ಕೆಳಗಿನ ಪ್ಲಾಸ್ಟಿಕ್ ಕವರಿನ ಇಳಿಜಾರು ಹಿಡಿದು, ಕಾರಿನ ಆಚೆ ಪಕ್ಕಕ್ಕೆ ಹೋಗಿ ಬೀಳುತ್ತಿತ್ತು.

ಹನಿ ಬರುತ್ತಿದ್ದದ್ದು ಒಂದು ತೂತಿನಿಂದ. ಯಾರೋ ಕಷ್ಟಪಟ್ಟು ಕೊರೆದ ನೀಟಾದ ತೂತು. ಆ ದಿನ ನನ್ನನ್ನು ಬೆರಗುಗೊಳಿಸಿದ್ದು ಅದೇ: ಕಂಪನಿಯವರು ಸೋರಲೆಂದೇ ಅದನ್ನು ಇಟ್ಟಿರುತ್ತಾರಂತೆ. ಪಂಪಿನ ಅಚ್ಚಿಗೆ ಒಂದು ಕಡೆ ನೀರು, ಇನ್ನೊಂದು ಕಡೆ ಬೇರಿಂಗ್, ನಡುವೆ ಸೀಲ್. ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗಿ ಕೆಡಿಸುವ ಮೊದಲು ಹೊರಗೆ ಹೋಗಲಿ, ಮಾಲೀಕನ ಕಣ್ಣಿಗೆ ಬೀಳಲಿ ಎಂದು ಆ ದಾರಿ. ಅಂದರೆ ಕಾರು ನನ್ನನ್ನು ಎಚ್ಚರಿಸುತ್ತಿತ್ತು. ಏನೆಂದು ಮಾತ್ರ ಹೇಳಿರಲಿಲ್ಲ. ಈ ವಿಷಯ ತಿಳಿದ ರಾಯರು ಸೇತುವೆಗಳಲ್ಲೂ ನೀರು ಹೊರಹೋಗಲು ಹೀಗೇ ತೂತು ಬಿಡುವುದುಂಟೆಂದೂ, ತಾವು ಮೊದಲೇ ಊಹಿಸಿದ್ದಾಗಿಯೂ ಹೇಳಿದರು. ಆ ತೂತಿಗೆ ಎಂ-ಸೀಲ್ ಮೆತ್ತಿದರೆ ಪಂಪಿನ ದುಡ್ಡು ಉಳಿಯುತ್ತದಲ್ಲ ಎಂದು ಸೂಚಿಸಿದವರೂ ಅವರೇ.

ಜೆ.ಸಿ. ರಸ್ತೆಯಿಂದ ಹೊಸ ಪಂಪು, ಗ್ಯಾಸ್ಕೆಟ್ ಬಂದವು. ನನ್ನ ಕಾರಿನಲ್ಲಿ ಪಂಪು ತಿರುಗುವುದು ಟೈಮಿಂಗ್ ಬೆಲ್ಟಿನಿಂದ. ಅದನ್ನು ಹೇಗೂ ಬಿಚ್ಚಬೇಕು, ಹೊಸದನ್ನೇ ಹಾಕಿಬಿಡಿ ಎಂದರು ಭಾಯ್. ಪಂಪಿಗಿಂತ ಕೂಲಿಯೇ ಹೆಚ್ಚಿದ್ದುದರಿಂದ ಅದೇ ಬುದ್ಧಿವಂತಿಕೆ.

ನೀರು ತುಂಬುವಾಗ ಇನ್ನೊಂದು ಪಾಠ. ಕೊಳವೆಬಾವಿಯ ನೀರು ಬೇಡವೇ ಬೇಡ ಎಂದರು ಭಾಯ್. ನಮ್ಮ ಬಚ್ಚಲ ಬಕೆಟ್ಟಿನ ಬಿಳಿ ಕಲೆ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಗಟ್ಟಿ ಕೂಲೆಂಟಿಗೆ ಡಿಸ್ಟಿಲ್ಡ್ ವಾಟರ್ ಸಮ ಪಾಲು. ಹಾಗೆ ಬೆರೆಸಿದ್ದು ಮೈನಸ್ 37 ಡಿಗ್ರಿಯ ಆಸುಪಾಸಿನವರೆಗೂ ಹೆಪ್ಪುಗಟ್ಟುವುದಿಲ್ಲ. ನೀರು ಬೆರೆಸದ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ. ಬೆಂಗಳೂರಿಗೆ ಈ ಲೆಕ್ಕವೆಲ್ಲ ಯಾಕೆಂದರೆ, ಚಳಿಗಾಗಿ ಅಲ್ಲ, ತುಕ್ಕು ಹಿಡಿಯದಿರಲೆಂದು ಮತ್ತು ಬೇಗ ಕುದಿಯದಿರಲೆಂದು. ಕೊನೆಗೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಡಿಸಲು ಎಂಜಿನ್ ಚಾಲೂ ಮಾಡಿ, ಹೀಟರ್ ಪೂರ್ತಿ ತಿರುಗಿಸಿ ಕೂರಬೇಕಾಯಿತು. ಮೇ ತಿಂಗಳ ಮಧ್ಯಾಹ್ನ, ಬೆವರು ಸುರಿಯುತ್ತಿತ್ತು. ಎದುರು ಮನೆಯ ಹುಡುಗನ ಹೀಟರಿನ ಕಥೆಗೆ ಅಷ್ಟಾದರೂ ನ್ಯಾಯ ಸಿಕ್ಕಿತೆಂದುಕೊಂಡೆ.

ಒಂದು ಮಾತು ತಮಾಷೆಯಲ್ಲ. ಗ್ಯಾರೇಜಿನ ಹುಡುಗ ಬಸಿದ ಹಳೆಯ ಕೂಲೆಂಟನ್ನು ಚರಂಡಿಗೆ ಸುರಿಯಲು ಹೊರಟಾಗ ಭಾಯ್ ಗದರಿದರು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದ್ದರಿಂದ ಬೀದಿನಾಯಿ, ಬೆಕ್ಕು ನೆಕ್ಕುತ್ತವೆ. ಸ್ವಲ್ಪವೇ ಸಾಕು, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಚಿಕ್ಕ ಮಕ್ಕಳಿಗೂ ಅದು ವಿಷವೇ. ನಿಮ್ಮ ಕಾರಿನಡಿ ಹಸಿರೋ ಗುಲಾಬಿಯೋ ಬಣ್ಣದ ನೀರು ಕಂಡರೆ, ರೋಗ ಯಾವುದೆಂದು ಸಭೆ ಸೇರುವ ಮೊದಲು, ದಯವಿಟ್ಟು ಅದನ್ನು ಬಟ್ಟೆಯಲ್ಲಿ ಒರೆಸಿ, ಆ ಜಾಗಕ್ಕೆ ಮಣ್ಣು ಹಾಕಿ ಗುಡಿಸಿ.