ನಿಮ್ಮ ನಿಪ್ಪಟ್ಟು ನಿಮಗಾಗಿ ಕಾಯುತ್ತಿದೆ

ಕುರುಕಲು ತಿಂಡಿಗೆ ಮನುಷ್ಯನ ಮೇಲೆ ಇಷ್ಟೊಂದು ಪ್ರೀತಿ ಇದೆಯೆಂದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಡಬ್ಬಿ ತೆಗೆದರು, ತಿಂದರು, ಕೈ ಒರೆಸಿಕೊಂಡರು, ಮುಗಿಯಿತು. ನಿಪ್ಪಟ್ಟಿಗೂ ತಮಗೂ ಒಂದು ಸಂಬಂಧವಿದೆ, ಅದನ್ನು ವಾರಕ್ಕೆ ಮೂರು ಸಲ ಪತ್ರ ಬರೆದು ಕಾಪಾಡಿಕೊಳ್ಳಬೇಕು ಎಂಬ ಅರಿವಿಲ್ಲದೆಯೇ ಹೋಗಿಬಿಟ್ಟರು, ಪಾಪ. ನಮ್ಮ ಪುಣ್ಯ ದೊಡ್ಡದು. ಆನ್‌ಲೈನಿನಲ್ಲಿ ಒಂದೇ ಒಂದು ಪ್ಯಾಕೆಟ್ ರಾಗಿ ಚಿಪ್ಸ್ ತರಿಸಿ ನೋಡಿ. ಹೆತ್ತ ಮಕ್ಕಳು ಮರೆತರೂ ಆ ಚಿಪ್ಸ್ ನಿಮ್ಮನ್ನು ಮರೆಯುವುದಿಲ್ಲ. ಬೆಳಿಗ್ಗೆ 'ರಮೇಶ್, ಎಲ್ಲಿದ್ದೀರಿ?' ಎಂದು ಕೇಳುತ್ತದೆ. ಮಧ್ಯಾಹ್ನ 'ನಮ್ಮಿಂದ ಏನಾದರೂ ತಪ್ಪಾಯಿತಾ?' ಎನ್ನುತ್ತದೆ. ರಾತ್ರಿ ಹನ್ನೊಂದಕ್ಕೆ 'ನೀವಿನ್ನೂ ಮಲಗಿಲ್ಲ, ನಮಗೆ ಗೊತ್ತು' ಎಂಬ ಪತ್ರ. ಇದನ್ನು ಮನುಷ್ಯರು ಯಾರಾದರೂ ಬರೆದಿದ್ದರೆ ಪೊಲೀಸ್ ಠಾಣೆ ಹತ್ತಬೇಕಾಗಿತ್ತು. ಬರೆದದ್ದು ಚಿಪ್ಸ್ ಆದ್ದರಿಂದ ಅದಕ್ಕೆ ಪರಿಣಾಮಕಾರಿ ಇಮೇಲ್ ಕ್ಯಾಂಪೇನ್ ಎನ್ನುತ್ತಾರೆ.

ಹೆಸರು ಹಿಡಿದು ಕರೆಯುವುದು ಈ ಕಸುಬಿನ ಮೊದಲ ಪಾಠ. ಹೆಸರಿನ ಜಾಗದಲ್ಲಿ ಒಂದು ಖಾಲಿ ಖಾನೆ ಬಿಟ್ಟು ಪತ್ರ ಬರೆದರೆ, ನೀವು ಫಾರಂನಲ್ಲಿ ತುಂಬಿದ ಮೊದಲ ಹೆಸರು ತಾನಾಗಿ ಬಂದು ಅಲ್ಲಿ ಕೂರುತ್ತದೆ. ಇದನ್ನು ಕಂಡುಹಿಡಿದವರಿಗೆ ಹಳೇ ಮೈಸೂರಿನ ಕಡೆಯವರ ಹೆಸರಿನ ಮೊದಲ ಭಾಗದಲ್ಲಿ ಊರು ಇರುತ್ತದೆಂದು ಯಾರೂ ಹೇಳಿರಲಿಲ್ಲ. ಹೀಗಾಗಿ 'ಹಾಯ್ ಹೊಳೆನರಸೀಪುರ, ಹಸಿವಾ?' ಎಂಬ ಪತ್ರ ಹುಟ್ಟಿಕೊಳ್ಳುತ್ತದೆ. ಇಡೀ ತಾಲ್ಲೂಕಿಗೆ ಶೇ 10 ರಿಯಾಯಿತಿ!

ಹತ್ತು ರೂಪಾಯಿಯ ಪ್ಯಾಕೆಟ್ಟಿಗೆ ಈ ಪತ್ರವ್ಯವಹಾರದ ಯೋಗವಿಲ್ಲ. ಅದು ಕಿರಾಣಿ ಅಂಗಡಿಯ ಬಾಗಿಲಲ್ಲಿ ಸರಸರವಾಗಿ ನೇತಾಡುತ್ತ, ಬೆಲೆ ಏರಿಸುವಂತಿಲ್ಲವಾದ್ದರಿಂದ ಒಳಗಿನ ಗ್ರಾಂ ಇಳಿಸಿಕೊಳ್ಳುತ್ತ, ಮರ್ಯಾದೆಯಿಂದ ಬಾಳುತ್ತದೆ. ಪತ್ರ ಬರೆಯುವುದೆಲ್ಲ ಮುನ್ನೂರು, ನಾನ್ನೂರರ ಮಖಾನ, ಮಿಲೆಟ್, ಕಿನೋವಾ ಮನೆತನದವರು. ಅಂಥದೊಂದು ₹349ರ ಡಬ್ಬಿಯನ್ನು ಕಾರ್ಟಿಗೆ ಹಾಕಿ, ಮೇಲೆ ₹60 ಡೆಲಿವರಿ ಚಾರ್ಜು ಕಂಡು, ಸಹವಾಸವೇ ಬೇಡವೆಂದು ನೀವು ಎದ್ದು ಹೋದಿರಿ ಎನ್ನಿ. ಗಂಟೆಯೊಳಗೆ ಮೊದಲ ಪತ್ರ: 'ಏನೋ ಮರೆತಿರಿ!' ಮರೆತದ್ದಲ್ಲ ಸ್ವಾಮಿ, ಬಿಟ್ಟದ್ದು. ಆದರೆ ಗ್ರಾಹಕ ಬೇಡ ಅನ್ನಬಹುದು ಎಂಬುದನ್ನು ಈ ಶಾಸ್ತ್ರ ಒಪ್ಪುವುದಿಲ್ಲ. ಅವನು ಮರೆಯಬಹುದು, ಹಿಂಜರಿಯಬಹುದು, ಅಷ್ಟೇ. ಮರುದಿನ 'ನಿಮ್ಮ ಕಾರ್ಟ್ ಒಂಟಿಯಾಗಿದೆ', ಜೊತೆಗೆ ಕಣ್ಣೀರು ಸುರಿಸುವ ಡಬ್ಬಿಯ ಚಿತ್ರ. ಮೂರನೆಯ ದಿನ ರಿಯಾಯಿತಿ, 'ಇಂದು ರಾತ್ರಿ 12ರವರೆಗೆ ಮಾತ್ರ'. ರಾತ್ರಿ 12ಕ್ಕೆ ಸತ್ತ ರಿಯಾಯಿತಿ ಬೆಳಿಗ್ಗೆ 8ಕ್ಕೆ 'ನಿಮಗೋಸ್ಕರ ವಿಸ್ತರಿಸಿದ್ದೇವೆ' ಎಂದು ಎದ್ದು ಕೂರುತ್ತದೆ. ಜಾಣರು ಇದನ್ನು ಕಂಡುಕೊಂಡಿದ್ದಾರೆ. ಬೇಕಾದ್ದನ್ನು ಕಾರ್ಟಿಗೆ ಹಾಕಿ, ಹೆಸರುಕಾಳು ನೆನೆಹಾಕಿದ ಹಾಗೆ ಹಾಗೇ ಬಿಡುತ್ತಾರೆ. ಮೂರನೆಯ ದಿನಕ್ಕೆ ಮೊಳಕೆ ಬಂದಿರುತ್ತದೆ. ದಡ್ಡರು ಮಾತ್ರ ₹499 ಮುಟ್ಟಿದರೆ ಡೆಲಿವರಿ ಉಚಿತವೆಂದು ಓದಿ, ₹60 ಉಳಿಸಲು ₹150ರ ಬೀಟ್‌ರೂಟ್ ಕಡ್ಡಿಗಳನ್ನು ಸೇರಿಸುತ್ತಾರೆ. ಅದನ್ನು ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಯುಗಾದಿಗೆ ಬರುವ ಬೀಗರಿಗೆ ಕಾಫಿಯ ಜೊತೆ ಕೊಡುತ್ತಾರೆ.

ಇನ್ನೊಂದು ಜಾತಿಯ ಪತ್ರವಿದೆ. ಚಿತ್ರ, ಬಣ್ಣ, ಬಟನ್ ಏನೂ ಇಲ್ಲದ, ಸೀದಾ ಸಾದಾ ಪತ್ರ. 'ಹಾಯ್, ನಾನು ಈ ಕಂಪನಿಯ ಸಂಸ್ಥಾಪಕ. ಹೀಗೆ ನಾನೇ ಬರೆಯುವುದು ಅಪರೂಪ.' ಅಪರೂಪ ಎಂದರೆ ಎರಡು ಗುರುವಾರಕ್ಕೊಮ್ಮೆ. ಈ ಸರಳತೆ ವಿನಯದಿಂದ ಬಂದದ್ದಲ್ಲ. 2013ರಲ್ಲಿ ಜಿಮೇಲ್ 'ಪ್ರಮೋಷನ್ಸ್' ಎಂಬ ಬೇರೆ ವಿಭಾಗ ಮಾಡಿ ಜಾಹೀರಾತು ಪತ್ರಗಳನ್ನೆಲ್ಲ ಅತ್ತ ತಳ್ಳಿತು. ಬಣ್ಣಬಣ್ಣದ ಪತ್ರ ಅಲ್ಲಿಗೆ ಹೋಗಿ ಬೀಳುತ್ತದೆ, ಗೆಳೆಯ ಬರೆದಂತೆ ಕಾಣುವುದು ಕಣ್ಣೆದುರಿಗೆ ಬರುತ್ತದೆ ಎಂಬುದು ಈ ಕಸುಬಿನವರ ನಂಬಿಕೆ. ಅದಕ್ಕೇ ಈ ಗೆಳೆತನ.

ಸಂಸ್ಥಾಪಕರು ದೊಡ್ಡ ಕಾಲೇಜಿನಲ್ಲಿ ಎಂಬಿಎ ಮುಗಿಸಿ, ಕೈತುಂಬ ಸಂಬಳದ ಕೆಲಸ ಬಿಟ್ಟು ಚಕ್ಕುಲಿಗೆ ಇಳಿದದ್ದಕ್ಕೆ ಕಾರಣ ಒಬ್ಬಳೇ, ಅವರ ಅಜ್ಜಿ. ಈ ಬ್ರಾಂಡುಗಳಿಗೆಲ್ಲ ಒಬ್ಬೊಬ್ಬ ಅಜ್ಜಿ ಇದ್ದೇ ಇರುತ್ತಾಳೆ. ತಾತ ಯಾಕೋ ಲೆಕ್ಕಕ್ಕಿಲ್ಲ. ಅಜ್ಜಿಯ ಕೈರುಚಿ, ಅಜ್ಜಿಯ ಗುಟ್ಟಿನ ಮಸಾಲೆ, ಮೂಗುತಿ ಇಟ್ಟುಕೊಂಡ ಅಜ್ಜಿಯ ರೇಖಾಚಿತ್ರ. ಇಂಥ ಎಷ್ಟೋ ಪ್ಯಾಕೆಟ್ಟುಗಳನ್ನು ತಿರುಗಿಸಿ ಸಣ್ಣಕ್ಷರ ಓದಿದರೆ ಸಿಗುವುದು ಪಾಮ್ ಎಣ್ಣೆ, ಮಾಲ್ಟೋಡೆಕ್ಸ್‌ಟ್ರಿನ್, ಸ್ವಾದ ಹೆಚ್ಚಿಸುವ ಐಎನ್‌ಎಸ್ 627 ಮತ್ತು 631. ಓಹೋ, ಗುಟ್ಟು ಇದೇ ಇರಬೇಕು. ಅಜ್ಜಿ ಅದನ್ನು ಸೊಸೆಯರಿಗೆ ಹೇಳದೆ ತೀರಿಕೊಂಡದ್ದು ಸುಮ್ಮನೆ ಅಲ್ಲ. ಪತ್ರದ ಕೊನೆಗೆ 'ಯಾವಾಗ ಬೇಕಾದರೂ ನನಗೆ ಬರೆಯಿರಿ, ಪ್ರೀತಿಯಿಂದ' ಎಂದಿರುತ್ತದೆ. ಮನಸ್ಸು ಕರಗಿ ಉತ್ತರ ಬರೆಯಹೋದರೆ ಮೇಲಿನ ವಿಳಾಸ 'ನೋ-ರಿಪ್ಲೈ'.

'ಗಿಲ್ಟ್-ಫ್ರೀ' ಎನ್ನುವುದು ಇವರ ಇನ್ನೊಂದು ಮಂತ್ರ. ಕೋಡುಬಳೆ ತಿಂದವನಿಗೆ ಹಿಂದೆ ಹೊಟ್ಟೆ ಉಬ್ಬರ ಆಗುತ್ತಿತ್ತು, ಬಾಯಾರಿಕೆ ಆಗುತ್ತಿತ್ತು. ಪಾಪಪ್ರಜ್ಞೆ ಆಗುತ್ತಿರಲಿಲ್ಲ. ಅದನ್ನು ತಂದುಕೊಟ್ಟವರೂ ಇವರೇ, ಅದರಿಂದ ಬಿಡುಗಡೆಯನ್ನು ಡಬ್ಬಿಗೆ ಇಷ್ಟು ಎಂದು ಮಾರುವವರೂ ಇವರೇ. ಸೋಮವಾರದ ಪತ್ರದಲ್ಲಿ ಕರಿದದ್ದೆಲ್ಲ ವಿಷ. ಶುಕ್ರವಾರದ ಪತ್ರದಲ್ಲಿ 'ವಾರವಿಡೀ ದುಡಿದಿದ್ದೀರಿ, ಸ್ವಲ್ಪ ಕೆಟ್ಟರೂ ಪರವಾಗಿಲ್ಲ'. ಪ್ಯಾಕೆಟ್ ಆಹಾರದಲ್ಲಿರುವ ಸಕ್ಕರೆ, ಉಪ್ಪು, ಸ್ಯಾಚುರೇಟೆಡ್ ಕೊಬ್ಬನ್ನು ದಪ್ಪ, ದೊಡ್ಡ ಅಕ್ಷರದಲ್ಲಿ ತೋರಿಸಬೇಕೆಂಬ ಪ್ರಸ್ತಾವಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತ್ತು. ಇಮೇಲಿನಲ್ಲಂತೂ ದಪ್ಪಕ್ಷರದ ಭಾಗ್ಯ ರಿಯಾಯಿತಿಗೆ ಮಾತ್ರ.

ಹಬ್ಬಗಳ ಮಾತು ಬೇಗ ಮುಗಿಸುತ್ತೇನೆ. ಏಕಾದಶಿಗೆ ಉಪವಾಸ ಸ್ಪೆಷಲ್, ದ್ವಾದಶಿಗೆ ಪಾರಣೆ ಸ್ಪೆಷಲ್. ನವೆಂಬರ್ 1ಕ್ಕೆ ಬ್ರಾಂಡಿಗೆ ಇದ್ದಕ್ಕಿದ್ದಂತೆ ಕನ್ನಡ ಬರುತ್ತದೆ, ಪ್ಯಾಕೆಟ್ಟಿಗೆ ಅರಿಸಿನ ಕುಂಕುಮದ ಬಣ್ಣ ಬರುತ್ತದೆ. ನವೆಂಬರ್ 2ಕ್ಕೆ ಎರಡೂ ಇಳಿದುಹೋಗುತ್ತವೆ. ತೆರಿಗೆ ಇಳಿದರೂ ಇವರಿಗೆ ಹಬ್ಬವೇ. 2025ರ ಸೆಪ್ಟೆಂಬರ್ 22ರಿಂದ ಪ್ಯಾಕ್ ಮಾಡಿದ ಖಾರದ ತಿಂಡಿಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತಷ್ಟೆ. 'ನಿಮಗೆ ನಮ್ಮ ಪ್ರೀತಿಯ ಉಡುಗೊರೆ' ಎಂದು ಬರೆಯಲು ಇನ್ನೇನು ಬೇಕು? ಸರ್ಕಾರ ಬಿಟ್ಟುಕೊಟ್ಟ ದುಡ್ಡಿಗೆ ರಿಬ್ಬನ್ ಕಟ್ಟುವ ಈ ಕೌಶಲ ಕಂಡು ನನಗೆ ನಿಜವಾಗಿಯೂ ಗೌರವ ಹುಟ್ಟುತ್ತದೆ.

ಇಷ್ಟೆಲ್ಲ ಬರೆದದ್ದು ಫಲ ಕೊಟ್ಟಿತೇ? ಅದನ್ನು ಅಳೆಯುವ ಕ್ರಮ ಹೀಗಿದೆ. ಪತ್ರದೊಳಗೆ ಕಣ್ಣಿಗೆ ಕಾಣದ, ಒಂದೇ ಪಿಕ್ಸೆಲ್ಲಿನ ಚಿತ್ರವೊಂದನ್ನು ಅಡಗಿಸಿಟ್ಟಿರುತ್ತಾರೆ. ನೀವು ಪತ್ರ ತೆರೆದಾಗ ಆ ಚಿತ್ರ ಅವರ ಸರ್ವರಿನಿಂದ ಇಳಿದುಬರುತ್ತದೆ. ಇಳಿದ ಕೂಡಲೇ ಅತ್ತ 'ರಮೇಶ್ ತೆರೆದರು' ಎಂದು ದಾಖಲಾಗುತ್ತದೆ. ಇದರ ಲೆಕ್ಕವೇ ಓಪನ್ ರೇಟ್. ಇದಕ್ಕಾಗಿ ಎ/ಬಿ ಟೆಸ್ಟ್ ಎಂಬ ತಪಸ್ಸು ಬೇರೆ. ಅರ್ಧ ಜನಕ್ಕೆ 'ಹಸಿವಾ?', ಇನ್ನರ್ಧಕ್ಕೆ 'ಹಸಿವಾ??'. ಯಾವ ಪ್ರಶ್ನಾರ್ಥಕ ಚಿಹ್ನೆ ಗೆದ್ದಿತೆಂದು ನೋಡಲು ನಾಲ್ಕು ಜನ ಲ್ಯಾಪ್‌ಟಾಪ್ ಸುತ್ತ ಕೂತಿರುತ್ತಾರೆ.

2021ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ಐಒಎಸ್ 15ರ ಜೊತೆ ಮೇಲ್ ಪ್ರೈವಸಿ ಪ್ರೊಟೆಕ್ಷನ್ ಎಂಬ ಸೌಲಭ್ಯ ತಂದು ಈ ತಪಸ್ಸನ್ನು ಕೆಡಿಸಿತು. ಅದನ್ನು ಆನ್ ಮಾಡಿಕೊಂಡವರ ಮೇಲ್ ಆಪ್‌ಗೆ ಬರುವ ಪತ್ರಗಳ ಚಿತ್ರಗಳನ್ನು ಆಪಲ್ ತಾನೇ ಹಿನ್ನೆಲೆಯಲ್ಲಿ ಇಳಿಸಿಕೊಳ್ಳುತ್ತದೆ, ಪತ್ರವನ್ನು ಯಾರೂ ತೆರೆಯದಿದ್ದರೂ ಸರಿ. ಯಾರು ಯಾವಾಗ ತೆರೆದರೆಂದು ಕಂಪನಿಗಳಿಗೆ ತಿಳಿಯದಿರಲಿ ಎಂಬುದು ಉದ್ದೇಶ. ಆದದ್ದೇನೆಂದರೆ, ಯಾರೂ ಓದದ ಪತ್ರಗಳೆಲ್ಲ ತೆರೆದ ಲೆಕ್ಕಕ್ಕೆ ಸೇರಿದವು. ಇತ್ತ ಆಫೀಸುಗಳ ಭದ್ರತಾ ಸಾಫ್ಟ್‌ವೇರು, ವೈರಸ್ ಇದೆಯೋ ಎಂದು ಪತ್ರದ ಲಿಂಕುಗಳನ್ನು ತಾನೇ ಒತ್ತಿ ನೋಡುತ್ತದೆ. ಹಾಗಾಗಿ ಕ್ಲಿಕ್ಕಿನ ಲೆಕ್ಕವೂ ಏರಿತು. ಈಗ ಪತ್ರ ಬರೆಯುವುದು ಎಐ, ಕಳಿಸುವುದು ಸಾಫ್ಟ್‌ವೇರು, ತೆರೆಯುವುದು ಆಪಲ್ಲು, ಲಿಂಕ್ ಒತ್ತುವುದು ಭದ್ರತಾ ಯಂತ್ರ. ಚಿಪ್ಸ್ ತಿನ್ನುವುದೊಂದು ಕೆಲಸ ಸದ್ಯಕ್ಕೆ ಮನುಷ್ಯರಿಗೆ ಉಳಿದಿದೆ. ತಿಂಗಳ ಕೊನೆಯ ಮೀಟಿಂಗಿನಲ್ಲಿ ಗ್ರಾಫ್ ಮೇಲಕ್ಕೇರಿರುತ್ತದೆ, ಚಪ್ಪಾಳೆ ಬೀಳುತ್ತದೆ. ಮಾರಾಟ ಎಷ್ಟಾಯಿತು ಎಂದು ಯಾರಾದರೂ ಕೇಳಿದರೆ ಅದು ಬೇರೆ ಟೀಮಿನ ವಿಷಯ. ಆ ಮೀಟಿಂಗಿಗೆ ತಿನ್ನಲು ತರಿಸಿರುವುದು ಮೂಲೆಯ ಅಯ್ಯಂಗಾರ್ ಬೇಕರಿಯ ಖಾರ ಬನ್.

ಬೈಸಿಕೊಂಡೇ ಮಾರುವುದು ಈ ವಿದ್ಯೆಗೆ ಹುಟ್ಟಿನಿಂದಲೇ ಬಂದದ್ದು. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್ ಎಂಬಾತ ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್ಟಿನ ಸುಮಾರು 400 ಜನರಿಗೆ ಒಟ್ಟಿಗೆ ಜಾಹೀರಾತು ಕಳಿಸಿದ. ಜನ ಸಿಟ್ಟಾದರು, ದೂರು ಕೊಟ್ಟರು. ಕಂಪ್ಯೂಟರುಗಳು ಮಾರಾಟವಾದವೆಂದು ಆತ ಮುಂದೆ ಹೆಮ್ಮೆಯಿಂದ ಹೇಳಿಕೊಂಡ. ಈಗ ಬೈಗುಳಕ್ಕೂ ಮಿತಿ ಗೊತ್ತುಮಾಡಿದ್ದಾರೆ. ಜಿಮೇಲ್ 2024ರ ಫೆಬ್ರುವರಿಯಿಂದ ತಂದ ನಿಯಮದ ಪ್ರಕಾರ, ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರ ಮೇಲೆ ಸ್ಪ್ಯಾಮ್ ದೂರು ಶೇ 0.3ನ್ನು ಮುಟ್ಟಬಾರದು. ಎಂದರೆ ಸಾವಿರಕ್ಕೆ ಇಬ್ಬರು ಉಗಿಯುವವರೆಗೆ ನೀವು ಸಭ್ಯರು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಸುಮ್ಮನೆ ಕೂತಿಲ್ಲ. 2023ರ ನವೆಂಬರ್ 30ರಂದು 13 ಬಗೆಯ ಡಾರ್ಕ್ ಪ್ಯಾಟರ್ನುಗಳನ್ನು, ಎಂದರೆ ಗ್ರಾಹಕರನ್ನು ಯಾಮಾರಿಸುವ ತಂತ್ರಗಳನ್ನು, ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದವರನ್ನು ನಾಚಿಸುವುದು, ಬಿಡದೆ ಪೀಡಿಸುವುದು ಎಲ್ಲ ಅದರಲ್ಲಿವೆ. ಓದಿದರೆ ನಿಷೇಧದ ಪಟ್ಟಿಯೋ ತಿಂಡಿ ಬ್ರಾಂಡಿನ ಮುಂದಿನ ತಿಂಗಳ ಕಾರ್ಯಸೂಚಿಯೋ ಎಂದು ಅನುಮಾನವಾಗುತ್ತದೆ.

ಅವಸರವೇ ತಪ್ಪು ಎನ್ನುತ್ತಿಲ್ಲ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುದ್ಯ ಅವರು ವಡೆ ಶುರುಮಾಡಿದ್ದೇ ಅವಸರದಲ್ಲಂತೆ. ರೈಲು ಬೇಗ ಬಂದುಬಿಟ್ಟಿತೆಂದು ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರೆಂದು ಕಥೆ ಹೇಳುತ್ತಾರೆ. ಇವತ್ತಿಗೂ ಅದರ ಸಬ್ಜೆಕ್ಟ್ ಲೈನ್ 'ವಡೇ ವಡೇ ವಡೇ'. ಬೋಗಿಯಲ್ಲಿ ಆ ಕೂಗು ಕೇಳಿ ಜನ ತಡಬಡಿಸಿ ಜೇಬಿಗೆ ಕೈಹಾಕುತ್ತಾರೆ, ಯಾಕೆಂದರೆ ರೈಲು ನಿಜವಾಗಿಯೂ ಹೊರಡುತ್ತದೆ. 'ನಿಮಗೋಸ್ಕರ ಇನ್ನೊಂದು ದಿನ ನಿಲ್ಲಿಸಿದ್ದೇವೆ' ಎಂದು ಮೈಸೂರು ಪ್ಯಾಸೆಂಜರ್ ಯಾರಿಗೂ ಬರೆದಿಲ್ಲ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಸಕ್ಕರೆ ಕಾಯಿಲೆ. ಮಗ ಕೊಡಿಸಿದ ಐಪ್ಯಾಡಿನಲ್ಲಿ ಒಮ್ಮೆ ಜೋಳದ ಚಕ್ಕುಲಿ ತರಿಸಿ, ಚೆನ್ನಾಗಿಲ್ಲವೆಂದು ನನಗೇ ಕೊಟ್ಟಿದ್ದರು. ಆಮೇಲೆ ಮೇಷ್ಟ್ರು ಹೋಗಿಬಿಟ್ಟರು. ಐಪ್ಯಾಡ್ ಮಾತ್ರ ಮೊಮ್ಮಗಳ ಕಾರ್ಟೂನಿಗೆಂದು ಹಜಾರದ ಮೂಲೆಯಲ್ಲಿ ಚಾರ್ಜರಿಗೆ ಅಂಟಿಕೊಂಡೇ ಇತ್ತು. ಬಂದ ಪತ್ರಗಳ ಚಿತ್ರಗಳನ್ನು ಅದು ನಿಯತ್ತಿನಿಂದ ಇಳಿಸಿಕೊಳ್ಳುತ್ತಿತ್ತು. ಹೀಗಾಗಿ ಬ್ರಾಂಡಿನ ಲೆಕ್ಕದಲ್ಲಿ ಮೇಷ್ಟ್ರು ಒಂದು ಪತ್ರವನ್ನೂ ಬಿಡದೆ ತೆರೆಯುವ ನಿಷ್ಠಾವಂತ ಗ್ರಾಹಕ. ತೆರೆಯುತ್ತಾರೆ, ಕೊಳ್ಳುವುದಿಲ್ಲ. ಬೆಲೆ ಜಾಸ್ತಿಯೆಂದು ಯೋಚಿಸುತ್ತಿರಬೇಕು! ರಿಯಾಯಿತಿ ಶೇ 10 ಇದ್ದದ್ದು 15 ಆಯಿತು, 25 ಆಯಿತು, ಮೇಷ್ಟ್ರು ವಿಐಪಿ ಪಟ್ಟಿಗೆ ಸೇರಿದರು.

ವರ್ಷದ ತಿಥಿಯ ದಿನ ನಾನೂ ಅಲ್ಲಿದ್ದೆ. ಹಿತ್ತಲಲ್ಲಿ ಪಿಂಡದ ಜೊತೆ ವಡೆ ಇಟ್ಟರು, ಕಾಗೆ ಯಾರ ಇಮೇಲೂ ಇಲ್ಲದೆ ಬಂದು ಎತ್ತಿಕೊಂಡು ಹೋಯಿತು. ಒಳಗೆ ಐಪ್ಯಾಡ್ ಟಿಂಗ್ ಎಂದಿತು: 'ನೀವಿಲ್ಲದೆ ನಮಗೆ ತುಂಬಾ ಬೇಜಾರು. 24 ಗಂಟೆಯೊಳಗೆ ಮರಳಿ ಬನ್ನಿ.' ಮಗನಿಗೆ ರೇಗಿತು. ಪತ್ರದ ಬುಡದಲ್ಲಿ ತಿಳಿಬೂದು ಬಣ್ಣದಲ್ಲಿ ಅಡಗಿದ್ದ ಅನ್‌ಸಬ್‌ಸ್ಕ್ರೈಬ್ ಹುಡುಕಿ ಒತ್ತಿದ. ಹೊಸ ಪುಟ ತೆರೆಯಿತು, ಎರಡು ಬಟನ್ ಇದ್ದವು. ಒಂದು 'ಇಲ್ಲ, ನಾನು ಇಲ್ಲೇ ಇರುತ್ತೇನೆ'. ಇನ್ನೊಂದು 'ಹೌದು, ನನಗೆ ನನ್ನ ಆರೋಗ್ಯ ಮುಖ್ಯವಲ್ಲ'. ಅಪ್ಪನ ಪರವಾಗಿ ಎರಡನೆಯದನ್ನು ಒತ್ತಿದ. ಹೋಗುತ್ತಿರುವ ಕಾರಣ ಹೇಳಿ ಎಂದಿತು. ಪತ್ರಗಳು ಹೆಚ್ಚಾದವು, ತಿಂಡಿ ಹಿಡಿಸಲಿಲ್ಲ, ಬೆಲೆ ಜಾಸ್ತಿ, ಇತರೆ. 'ಇತರೆ' ಆರಿಸಿ 'ತೀರಿಕೊಂಡಿದ್ದಾರೆ' ಎಂದು ಟೈಪ್ ಮಾಡಿದ.

ಮರುಕ್ಷಣ ಉತ್ತರ ಬಂತು. 'ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ! ನಿಮ್ಮ ಮಾತಿನಿಂದ ನಾವು ಇನ್ನಷ್ಟು ಸುಧಾರಿಸುತ್ತೇವೆ. ಮನಸ್ಸು ಬದಲಾದರೆ ಮೊದಲ ಆರ್ಡರಿನ ಮೇಲೆ ಶೇ 30 ರಿಯಾಯಿತಿ.'