ಪೆದ್ದಕಡುಬೂರಿನ ಸಂಸ್ಥಾಪಕ ಅಧ್ಯಕ್ಷರು

ನಮ್ಮೂರಿನ ಹೆಸರು ಕೇಳಿದ ಕೂಡಲೇ ಬೆಂಗಳೂರಿನ ನೆಂಟರು ತುಟಿ ಬಿಗಿಹಿಡಿಯುತ್ತಾರೆ. ತೆಲುಗಿನ ‘ಪೆದ್ದ’ ಅಂದರೆ ದೊಡ್ಡದು. ಕನ್ನಡದ ‘ಪೆದ್ದ’ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಎರಡು ಭಾಷೆಯನ್ನೂ ಒಂದೇ ತಾಟಿನಲ್ಲಿ ಕಲಸಿ ಉಣ್ಣುವ ನಮಗೆ ಇದರಿಂದ ಒಂದು ಅನುಕೂಲವಿದೆ. ಊರ ಹಿರಿಯನನ್ನು ತೆಲುಗಿನಲ್ಲಿ ‘ಪೆದ್ದಮನಿಷಿ’ ಅನ್ನುತ್ತಾರೆ. ನಾವೂ ಹಾಗೇ ಕರೆಯುತ್ತೇವೆ. ಕರೆಸಿಕೊಂಡವನು ತೆಲುಗಿನಲ್ಲಿ ಕೇಳಿಸಿಕೊಂಡು ಖುಷಿಪಡುತ್ತಾನೆ. ನಾವು ಕನ್ನಡದಲ್ಲಿ ಅಂದಿರುತ್ತೇವೆ.

ನಮ್ಮ ಸೇವಾ ಸಂಘದ ಸಂಸ್ಥಾಪಕ ಅಧ್ಯಕ್ಷರು ಅಂಥ ಒಬ್ಬ ಪೆದ್ದಮನಿಷಿ. ಇಂಥವರು ಈಗ ಮಂಡಲಕ್ಕೊಬ್ಬರಂತೆ ಸಿಗುತ್ತಾರೆ, ಗುರುತು ಹಿಡಿಯುವುದು ಕಷ್ಟವಲ್ಲ. ಕಂಕುಳಲ್ಲಿ ಫೈಲು. ಕೊರಳಲ್ಲಿ ಗುರುತಿನ ಚೀಟಿ. ತಾವೇ ಸಹಿ ಹಾಕಿ ತಮಗೇ ಕೊಟ್ಟುಕೊಂಡದ್ದು. ಬೈಕಿನ ಮುಂದೆ ಕೆಂಪಕ್ಷರದ ಬೋರ್ಡು. ಗುಂಡನೆಯ ಸೀಲನ್ನೂ ಇಂಕ್ ಪ್ಯಾಡನ್ನೂ ಜೇಬಿನಲ್ಲೇ ಇಟ್ಟುಕೊಂಡು ತಿರುಗುವುದರಿಂದ ಬಿಳಿ ಅಂಗಿಯ ಜೇಬಿನ ತಳದಲ್ಲಿ ಸದಾ ಒಂದು ನೇರಳೆ ಚಂದ್ರ. ಇದಕ್ಕೆ ಮೊದಲು ಅವರು ವಿಮೆ ಮಾಡಿಸುತ್ತಿದ್ದರು, ಚೀಟಿ ನಡೆಸುತ್ತಿದ್ದರು, ಬೀಜ–ಗೊಬ್ಬರದ ಕಂಪನಿಯೊಂದರ ಏಜೆಂಟೂ ಆಗಿದ್ದರು. ಈಗ ಸೇವೆ.

ಅನಂತಪುರಕ್ಕೆ 1969ರಲ್ಲಿ ವಿನ್ಸೆಂಟ್ ಫೆರರ್ ಎಂಬ ಸ್ಪೇನ್ ದೇಶದವರು ಬಂದು ಊರೂರಿಗೆ ಬಾವಿ, ಶಾಲೆ, ಆಸ್ಪತ್ರೆ ಮಾಡಿಸಿದ್ದು ಈ ಸೀಮೆಗೆಲ್ಲ ಗೊತ್ತಿರುವ ಕಥೆ. ಅಧ್ಯಕ್ಷರ ಆದರ್ಶವೂ ಅವರೇ. “ಆತ ಬಾವಿಯಿಂದ ಶುರು ಮಾಡಿದ್ನಂತೆ. ನೀವು ಎಲ್ಲಿಂದ?” ಅಂತ ಕೇಳಿದೆ.

“ಲೆಟರ್‌ಹೆಡ್‌ನಿಂದ” ಅಂದರು.

ನಾನು ಸಿಕ್ಕಿಬಿದ್ದದ್ದು ಚಹಾದ ಹೋಟೆಲಿನಲ್ಲಿ. “ಮೇಷ್ಟ್ರೇ, ಆಧಾರ್ ಜೆರಾಕ್ಸ್ ಐತೇನ್ರಿ ಹತ್ರ?” ಅಂದರು. ಇತ್ತು. ಇರಬಾರದಾಗಿತ್ತು. ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. 1860ರ ಹಳೆಯ ಕಾಯ್ದೆ ಹಾಗೆಂದಿತು, ಆಂಧ್ರದ 2001ರ ಕಾಯ್ದೆಯೂ ಹಾಗೇ ಅನ್ನುತ್ತದೆ. ಆರು ಜನ ಆಗಿದ್ದರು. “ಬೆಳಗಾವಿಯಾಗ 1916ರಾಗ ಕೆಎಲ್‌ಇ ಕಟ್ಟಿದವ್ರೂ ಏಳು ಜನ ಮೇಷ್ಟ್ರೇ. ಸಪ್ತರ್ಷಿಗಳು ಅಂತಾರ ಅವ್ರಿಗೆ. ನೀವು ಒಬ್ರಾದ್ರೂ ಮೇಷ್ಟ್ರು ಇರ್ಲಿ” ಅಂತ ಒಂದು ಕಾಗದ ಮುಂದಿಟ್ಟರು.

ನಮ್ಮ ಸಪ್ತರ್ಷಿಗಳನ್ನು ಹೇಳಿಬಿಡುತ್ತೇನೆ. ಮೊದಲನೆಯವರು ಅಧ್ಯಕ್ಷರು. ಉಪಾಧ್ಯಕ್ಷ ಅವರ ಹೆಂಡತಿಯ ತಮ್ಮ. ಮನೆಮಂದಿಯನ್ನೇ ತುಂಬಬೇಡಿ ಎಂದು ಅರ್ಜಿ ಬರೆಯುವವನು ಎಚ್ಚರಿಸಿದ್ದರಿಂದ ಈ ಹುಡುಗ ಸಂಘದ ಕೆಲಸದ ಮೇಲೆ ಹೋದಾಗಲೆಲ್ಲ ಅಕ್ಕನ ಗಂಡನನ್ನು “ಸಾರ್” ಅನ್ನಬೇಕೆಂದು ತೀರ್ಮಾನವಾಯಿತು. ಟೈಪಿಂಗ್ ಬರುವ ಜೆರಾಕ್ಸ್ ಅಂಗಡಿಯ ಹುಡುಗ ಕಾರ್ಯದರ್ಶಿ. ಸಹಕಾರ್ಯದರ್ಶಿ ದರ್ಜಿ. ಆದೋನಿಗೆ ಓಡಾಡಬೇಕಲ್ಲ, ಅದಕ್ಕೆ ಆಟೋದವನು. ಸಂಘಕ್ಕೆ ದುಡ್ಡು ಬಂದರೆ ತನ್ನ ಹಳೇ ಬಾಕಿ ತೀರೀತೆಂಬ ಆಸೆಗೆ ಹೋಟೆಲಿನವನೂ ಸಹಿ ಹಾಕಿದ. ಏಳನೆಯವನು, ಖಜಾಂಚಿ, ನಾನು.

ಧ್ಯೇಯೋದ್ದೇಶಗಳ ಪಟ್ಟಿ ಓದಿದವನು ಇಡೀ ಸಂಘದಲ್ಲಿ ನಾನೊಬ್ಬನೇ ಇರಬೇಕು. ಅರ್ಜಿ ಬರೆಯುವವನ ಕಂಪ್ಯೂಟರಿನಲ್ಲಿ ಮೊದಲೇ ಒಂದು ನಮೂನೆ ಇತ್ತು. ಹೆಸರು ಅಳಿಸಿ ಹೆಸರು ಸೇರಿಸಿದ್ದ. ಒಂದರಿಂದ ಮೂವತ್ತರವರೆಗೆ ಮಹಿಳೆ, ಮಗು, ಮರ, ಗೋವು, ಯೋಗ. ಮೂವತ್ತೊಂದನೆಯದು: ‘ಕರಾವಳಿಯ ಮೀನುಗಾರರಿಗೆ ಬಲೆ, ದೋಣಿ ಹಾಗೂ ಚಂಡಮಾರುತದ ಕಾಲದಲ್ಲಿ ಪುನರ್ವಸತಿ.’ ಮಚಲಿಪಟ್ಟಣದ ಕಡೆಯ ಯಾವುದೋ ಸಂಘದ್ದಿರಬೇಕು. ನಮ್ಮೂರಿನವರು ಸಮುದ್ರ ನೋಡಬೇಕಾದರೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು. ನಮ್ಮ ಕಡೆ ನೀರು ಅಂದರೆ ತುಂಗಭದ್ರೆಯ ಕೆಳಮಟ್ಟದ ಕಾಲುವೆ. ಅದರ ಕೊನೇ ಹೊಲಕ್ಕೆ ನೀರು ಬಂದ ದಿನ ಜನ ತೆಂಗಿನಕಾಯಿ ಒಡೆಯುತ್ತಾರೆ, ಬಲೆ ಬೀಸುವುದಿಲ್ಲ.

“ಇದನ್ನ ತೆಗೆಸ್ರಿ” ಅಂದೆ.

“ಇರ್ಲಿ ಬಿಡ್ರಿ ಮೇಷ್ಟ್ರೇ. ಮೂವತ್ತು ಇದ್ದಲ್ಲಿ ಇನ್ನೊಂದು. ಬ್ಯಾಡ ಅಂತ ಅಳಿಸಿದ್ರ ಮೀನುಗಾರರ ಮ್ಯಾಲೆ ನಮಗೇನೋ ದ್ವೇಷ ಐತೆ ಅನ್ಕೋತಾರ.”

ಫಲಕ ಮೂರು ಭಾಷೆಯದಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಗಿ, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವಲ್ಲ, ಆವತ್ತಿನಿಂದ ನಮ್ಮಲ್ಲಿ ಕೆಲವರಿಗೆ ಇದು ಗಾಯ, ಕೆಲವರಿಗೆ ಬಂಡವಾಳ. ಅಧ್ಯಕ್ಷರು ಕರ್ನೂಲಿನ ಕಚೇರಿಗೆ ಹೋದರೆ ಅಪ್ಪಟ ರಾಯಲಸೀಮೆಯ ಬಿಡ್ಡ. ಬೆಂಗಳೂರಿನ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಅರ್ಜಿ ಬರೆಯುವಾಗ ಮಾತ್ರ ಅವರ ಕಣ್ಣು ತುಂಬಿಬರುತ್ತದೆ. ತಮ್ಮನ್ನೇ ತಾಯಿಯಿಂದ ಬೇರೆಯಾದ ಕರು ಎಂದು ಬರೆಸುತ್ತಾರೆ. ಕರುವಿಗೆ ಈಗ ಐವತ್ತೆಂಟು ವರ್ಷ.

ನೋಂದಣಿ ಪತ್ರ ಬಂದ ದಿನದಿಂದ ಅವರ ಬಾಯಲ್ಲಿ ಎಂಬತ್ತು–ಜಿ ಶುರುವಾಯಿತು. ಸಂಘಕ್ಕೆ ಆದಾಯ ತೆರಿಗೆಯವರ 80ಜಿ ಮಂಜೂರಾತಿ ಸಿಕ್ಕರೆ ದಾನ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ. ಇದನ್ನು ಕಟ್ಟೆಯ ಮೇಲೆ ಕೂತವರಿಗೆ ವಿವರಿಸುತ್ತಿದ್ದರು. ಹತ್ತಿ ಬೆಳೆಯುವ ಹಿರಿಯರೊಬ್ಬರು ಬೀಡಿ ಕೆಳಗಿಳಿಸಿ, “ಬಿಜಿ–ಟೂ ಗೊತ್ತು. ಈ ಎಂಬತ್ತು–ಜಿ ಯಾವಾಗ ಬಂತಪ್ಪ? ಎಕ್ರಿಗೆ ಎಷ್ಟು ಕ್ವಿಂಟಾಲ್?” ಅಂದರು.

“ಅದು ಬಿತ್ತೋ ತಳಿ ಅಲ್ಲ ಮಾವ.”

“ಮತ್ತೆ, ಬಿತ್ತದೇ ಬೆಳಿಯೋದೇನು?” ಅಂದರು ಹಿರಿಯರು. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು, ಪಾಪ.

ಹೊರದೇಶದ ದುಡ್ಡಿನ ಕನಸು ಒಂದು ವಾರ ಇತ್ತು. ಅದಕ್ಕೆ ಸಂಘ ಮೂರು ವರ್ಷ ಬಾಳಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ತನ್ನ ಉದ್ದೇಶಕ್ಕೆ ಖರ್ಚು ಮಾಡಿರಬೇಕು, ಖಾತೆ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲೇ ತೆರೆಯಬೇಕು ಎಂದು ಯಾರೋ ಹೇಳಿದರು. “ಹದಿನೈದು ಲಕ್ಷ ಇದ್ರ ನಾನ್ಯಾಕ ಸಂಘ ಕಟ್ತಿದ್ದೆ?” ಅಂದರು ಅಧ್ಯಕ್ಷರು. ಅಷ್ಟು ಪ್ರಾಮಾಣಿಕವಾದ ಮಾತು ಅವರ ಬಾಯಿಂದ ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಉದ್ಘಾಟನೆ ಸಂಕ್ರಾಂತಿ ಮುಗಿದ ವಾರ. ಮಕ್ಕಳಿಗೆ ನೋಟುಬುಕ್ ಹಂಚುವುದೆಂದು ಫ್ಲೆಕ್ಸ್ ಕಟ್ಟಿದ್ದಾಯಿತು. ಆದರೆ ಆ ಹೊತ್ತಿಗೆ ನಮ್ಮ ಸೀಮೆಯ ಅರ್ಧ ಜನ ಗುಂಟೂರಿನ ಮೆಣಸಿನಕಾಯಿ ಹೊಲದಲ್ಲಿರುತ್ತಾರೆ. ಸುಗ್ಗಿಗೆ ಹೋದರು ಅನ್ನುತ್ತೇವೆ. ಗುಳೆ ಅಂದರೂ ಅದೇ. ಅವ್ವ–ಅಪ್ಪ ಲಾರಿ ಹತ್ತಿದರೆ ಮಕ್ಕಳೂ ಹತ್ತುತ್ತವೆ. ಊರಲ್ಲಿ ಉಳಿದವರು ಮುದುಕರು, ನಾಯಿಗಳು ಮತ್ತು ನಮ್ಮ ಕಾರ್ಯಕಾರಿ ಸಮಿತಿ. ಬಂದ ಅತಿಥಿಗಳನ್ನು ಬರಿಗೈಲಿ ಕಳಿಸುವಂತಿಲ್ಲ. ಕೊನೆಗೆ ಇಪ್ಪತ್ತು ಅಜ್ಜಿಯರನ್ನು ಸಾಲಾಗಿ ನಿಲ್ಲಿಸಿ ಎರಡು ಗೆರೆ ಕಾಪಿಬುಕ್ ಹಂಚಿದೆವು. “ಅವ್ವ, ಪುಸ್ತಕ ಎದಿಗಿ ಹಿಡ್ಕೊ, ಕ್ಯಾಮೆರಾ ಕಡಿ ನೋಡು” ಅಂತ ಉಪಾಧ್ಯಕ್ಷ ಓಡಾಡಿದ. ಮರುದಿನ ಆ ಹಾಳೆಗಳು ಹೋಟೆಲಿನಲ್ಲಿ ಮಂಡಕ್ಕಿ–ಬಜ್ಜಿ ಕಟ್ಟಲು ಬಂದವು.

ಅಜ್ಜಿಯರ ಸಾಲಿಗೆ ಬರದೇ ಉಳಿದವಳು ಒಬ್ಬಳೇ. ಗುಳೆ ಹೋಗುವವರೆಲ್ಲ ಮನೆ ಕೀಲಿಯನ್ನು ಈಕೆಯ ಕೈಗೆ ಕೊಟ್ಟು ಹೋಗುತ್ತಾರೆ. ಗೋಡೆಯ ಮೊಳೆಗಳಲ್ಲಿ ಇಡೀ ಓಣಿಯ ಕೀಲಿ. ಯಾರ ಮನೆಯ ಮುದುಕ ಉಂಡಿಲ್ಲ, ಯಾರ ಎಮ್ಮೆ ಈಯಲಿಕ್ಕಿದೆ, ಎಲ್ಲ ಅವಳ ಲೆಕ್ಕ. ಅಧ್ಯಕ್ಷರು ಇದನ್ನು ‘ಯೋಜನೆ’ ಮಾಡಿ ಸಂಘಕ್ಕೆ ಸೇರಿಸಿಕೊಳ್ಳಲು ಹೋದರು. “ಕೀಲಿ ಕೊಟ್ಟೋರು ಯಾರೂ ನನ್ನ ಆಧಾರ್ ಕೇಳಿಲ್ಲಪ. ನಿನಗ್ಯಾಕ ಬೇಕು?” ಅಂದಳು.

ವರ್ಷದ ಕೊನೆಗೆ ಲೆಕ್ಕಪತ್ರ, ವರದಿ ಸಲ್ಲಿಸಬೇಕಾಯಿತು. ನನ್ನ ಪುಸ್ತಕದಲ್ಲಿ ಸೀಲು, ಫಲಕ, ಫ್ಲೆಕ್ಸ್, ಶಾಲು, ಹಾರ, ಉಪ್ಪಿಟ್ಟು, ಆಟೋ ಡೀಸೆಲ್ ಇದ್ದವು. ಸೇವೆಯ ಕಲಮಿನಲ್ಲಿ ಎರಡು ಡಜನ್ ಕಾಪಿಬುಕ್.

“ಇನ್ನೇನಾರ ಬರೀರಿ” ಅಂದರು.

ನನಗೆ ಒಂದು ನೆನಪಾಯಿತು. ಕೀಲಿಯ ಅಜ್ಜಿಗೆ ಬೆರಳಚ್ಚು ಕೂಡದೆ ಪಿಂಚಣಿ ನಿಂತುಹೋಗಿತ್ತು. ಮೆಣಸಿನಕಾಯಿ ಬಿಡಿಸಿ ಬಿಡಿಸಿ ಬೆರಳಲ್ಲಿ ಗೆರೆಯೇ ಇರಲಿಲ್ಲ. ಅಧ್ಯಕ್ಷರು ಲೆಟರ್‌ಹೆಡ್ಡಿನಲ್ಲಿ ನಾಲ್ಕು ಅರ್ಜಿ ಬರೆದು, ನಾಲ್ಕಕ್ಕೂ ಗುಂಡನೆ ಸೀಲು ಒತ್ತಿ, ಮೂರು ದಿನ ಮಂಡಲ ಕಚೇರಿಯ ಬೆಂಚಿನ ಮೇಲೆ ಊಟ ಬಿಟ್ಟು ಕೂತು ಅದನ್ನು ಮತ್ತೆ ಬರುವಂತೆ ಮಾಡಿದ್ದರು. ಆ ಸೀಲು ನೋಡಿ ಗುಮಾಸ್ತ ಎದ್ದು ನಿಂತನೆಂದು ಆಟೋದವನು ಇವತ್ತಿಗೂ ಹೇಳುತ್ತಾನೆ.

“ಅದನ್ನ ಬರೀಲಾ?”

“ಅಯ್ಯ, ಅದೇನ್ ಬರೀತೀರಿ? ನಮ್ಮ ಓಣಿ ಮುದುಕಿ. ಫೋಟೋನೂ ತೆಗಿಸಿಲ್ಲ” ಅಂದರು. ಸೇವೆಯ ಕಲಮು ಎರಡು ಡಜನ್ನಿಗೇ ನಿಂತಿತು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬೈಕು ನಮ್ಮನೆ ಮುಂದೆ ನಿಂತಿತು. ಕೈಯಲ್ಲಿ ಪೇಪರು, ಮುಖದಲ್ಲಿ ಮದುವೆ ಕಳೆ.

“ಮೇಷ್ಟ್ರೇ, ರಸೀದಿ ಪುಸ್ತಕ ತಗೀರಿ! ಬಂಗಾಳಕೊಲ್ಲಿಯಾಗ ವಾಯುಭಾರ ಕುಸ್ದೈತಂತ. ಇನ್ನು ಎರಡು ದಿನಕ್ಕ ಚಂಡಮಾರುತ. ಮೂವತ್ತೊಂದು ತೆಗೆಸ್ರಿ ಅಂದಿದ್ರಲ್ಲ?”